ಭಾರ ಹೊರಿಸದೆ ಮುನ್ನಡೆಸಿದವರು: ಸಂತ ಪೇತ್ರ ಮತ್ತು ಸಂತ ಪೌಲರ ಹಬ್ಬದ ಚಿಂತನೆ



ಪ್ರತಿ ವರ್ಷ ಜೂನ್ 29ರಂದು ನಾವು ಪ್ರೇಷಿತರಾದ ಸಂತ ಪೇತ್ರ ಮತ್ತು ಸಂತ ಪೌಲರ ಹಬ್ಬವನ್ನು ಒಟ್ಟಿಗೆ ಆಚರಿಸುತ್ತೇವೆ. ಒಬ್ಬರು ಗಲಿಲೇಯದ ಬೆಸ್ತರು, ಇನ್ನೊಬ್ಬರು ಧರ್ಮಶಾಸ್ತ್ರವನ್ನು ಅರೆದು ಕುಡಿದ ಫರಿಸಾಯರು. ಒಬ್ಬರು ಯೇಸುಸ್ವಾಮಿಯ ಜೊತೆಯಲ್ಲೇ ಉಂಡು ನಡೆದವರು, ಇನ್ನೊಬ್ಬರು ಯೇಸುವನ್ನು ನಂಬಿದವರನ್ನು ಸೆರೆಮನೆಗೆ ಎಳೆದೊಯ್ದವರು. ಇವರಿಬ್ಬರ ನಡುವೆ ಒಮ್ಮೆ ಎಲ್ಲರೆದುರೇ ಮಾತಿಗೆ ಮಾತು ಬೆಳೆದದ್ದೂ ಉಂಟು. ಆದರೂ ಧರ್ಮಸಭೆ ಇವರನ್ನು ಬೇರೆ ಬೇರೆ ಮಾಡಲಿಲ್ಲ. ಒಂದೇ ಹಬ್ಬದಲ್ಲಿ ಜೊತೆಯಾಗಿ ನಿಲ್ಲಿಸಿದೆ.

ಇಬ್ಬರೂ ರೋಮ್ ನಗರದಲ್ಲಿ ರಕ್ತಸಾಕ್ಷಿಗಳಾದರು ಎಂಬುದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣವನ್ನೂ ನಾವು ನೆನೆಯಬೇಕು. ಯೆಹೂದ್ಯರ ನಡುವೆ ಹುಟ್ಟಿದ ಪುಟ್ಟ ಸಮುದಾಯವನ್ನು ಎಲ್ಲ ಜನಾಂಗಗಳ ಧರ್ಮಸಭೆಯಾಗುವಂತೆ ನಡೆಸಿದವರಲ್ಲಿ ಇವರಿಬ್ಬರು ಮುಖ್ಯರು. ಅದು ಸುಲಭದ ಬದಲಾವಣೆಯಾಗಿರಲಿಲ್ಲ. ಅದನ್ನು ವಿರೋಧಿಸಿದವರು ದೇವರಿಲ್ಲದವರಲ್ಲ, ಭಕ್ತಿವಂತರು. ಇಂದು ನಾವು ಕನ್ನಡದಲ್ಲಿ ಯೇಸುಸ್ವಾಮಿಯ ನಾಮವನ್ನು ಕರೆಯುತ್ತಿರುವುದು ಆ ಬದಲಾವಣೆಯ ಫಲ. ಆದ್ದರಿಂದ ಅದು ಹೇಗೆ ಆಯಿತು ಎಂಬುದನ್ನು ಈ ಹಬ್ಬದಂದು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಬದಲಾದವರು ಪೇತ್ರರೇ

ಪ್ರೇಷಿತರ ಕಾರ್ಯಕಲಾಪಗಳ 10ನೇ ಅಧ್ಯಾಯವನ್ನು ತೆರೆಯೋಣ. ಪೇತ್ರರು ಜೊಪ್ಪ ಎಂಬ ಊರಿನಲ್ಲಿ, ಕಡಲ ಬದಿಯ ಒಂದು ಮನೆಯಲ್ಲಿ ತಂಗಿದ್ದಾರೆ. ಅದು ಚರ್ಮ ಹದಮಾಡುವ ಸಿಮೋನನ ಮನೆ. ನಡುಮಧ್ಯಾಹ್ನ. ಮಾಳಿಗೆಯ ಮೇಲೆ ಪ್ರಾರ್ಥನೆ ಮಾಡುತ್ತಿರುವಾಗ ಅವರಿಗೆ ಹಸಿವಾಗುತ್ತದೆ. ಅಡಿಗೆ ಇನ್ನೂ ಆಗುತ್ತಿದೆ. ಆಗ ಒಂದು ದರ್ಶನ: ಆಕಾಶದಿಂದ ದೊಡ್ಡ ದುಪ್ಪಟಿಯಂಥದು ಇಳಿದು ಬರುತ್ತದೆ. ಅದರೊಳಗೆ ಸಕಲ ವಿಧದ ಪ್ರಾಣಿ ಪಕ್ಷಿಗಳು. ಕೊಂದು ತಿನ್ನಬೇಕೆಂದು ವಾಣಿಯೊಂದು ಆಜ್ಞಾಪಿಸುತ್ತದೆ. ಪೇತ್ರರು ಒಪ್ಪುವುದಿಲ್ಲ. ಅಶುದ್ಧವಾದದ್ದನ್ನು ತಾವು ಎಂದೂ ತಿಂದವರಲ್ಲ ಎನ್ನುತ್ತಾರೆ. ಮೂರು ಸಲ ಹೀಗಾಗುತ್ತದೆ.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಈ ಬದಲಾವಣೆಗೆ ಮೊದಲು ಬೇಡವೆಂದವರು ಪೇತ್ರರೇ! ಆದುದರಿಂದಲೇ ಮುಂದೆ ಬೇಡವೆಂದವರ ಮನಸ್ಸು ಅವರಿಗೆ ಅರ್ಥವಾಯಿತು. ತಾನು ಬದಲಾಗದೆ ಇತರರನ್ನು ಬದಲಾಯಿಸ ಹೊರಟವರಿಗೆ ಈ ತಿಳಿವು ಬರುವುದಿಲ್ಲ.

ದರ್ಶನದ ಅರ್ಥವೇನೆಂದು ಅವರು ಯೋಚಿಸುತ್ತಿರುವಾಗಲೇ ರೋಮನ್ ಶತಾಧಿಪತಿ ಕೊರ್ನೇಲಿಯನ ಕಡೆಯ ಮೂವರು ಬಾಗಿಲಲ್ಲಿ ನಿಂತಿದ್ದರು. ಮರುದಿನ ಪೇತ್ರರು ಸೆಜರೇಯಕ್ಕೆ ಹೊರಟರು. ಒಬ್ಬರೇ ಹೋಗಲಿಲ್ಲ, ಜೊಪ್ಪದ ಆರು ಮಂದಿ ಸಹೋದರರನ್ನು ಕರೆದುಕೊಂಡು ಹೋದರು. ಅನ್ಯಜನಾಂಗದವನ ಮನೆಯ ಹೊಸ್ತಿಲನ್ನು ಅವರು ದಾಟಿದರು. ಪೇತ್ರರು ಇನ್ನೂ ಮಾತನಾಡುತ್ತಿರುವಾಗಲೇ ಕೇಳುತ್ತಿದ್ದವರ ಮೇಲೆಲ್ಲ ಪವಿತ್ರಾತ್ಮರು ಇಳಿದು ಬಂದರು. ದೇವರು ಒಪ್ಪಿಕೊಂಡವರಿಗೆ ದೀಕ್ಷಾಸ್ನಾನದ ನೀರನ್ನು ತಡೆಯಲು ತಾವು ಯಾರು ಎಂದು ಪೇತ್ರರಿಗೆ ತೋರಿತು.

ಮೊದಲಿನಿಂದ ಬಿಡಿಸಿ ಹೇಳಿದರು

ಸುದ್ದಿ ಜೆರುಸಲೇಮನ್ನು ತಲುಪಿತು. ಪೇತ್ರರು ಮರಳಿ ಬಂದಾಗ ಸ್ವಾಗತಕ್ಕಿಂತ ಮುಂಚೆ ಆಕ್ಷೇಪಣೆ ಬಂತು. ಸುನ್ನತಿಯಿಲ್ಲದವರ ಮನೆಗೆ ಹೋಗಿ ಅವರೊಡನೆ ಊಟ ಮಾಡಿದಿರಲ್ಲ ಎಂದು ವಿಶ್ವಾಸಿಗಳೇ ತರಾಟೆಗೆ ತೆಗೆದುಕೊಂಡರು. ಊಟದ ಪಂಕ್ತಿಯ ಮಾತು ಎಷ್ಟು ಸೂಕ್ಷ್ಮ ಎಂಬುದನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಯಾರ ಮನೆಯಲ್ಲಿ ನೀರು ಕುಡಿಯಬಹುದು, ಯಾರ ಪಕ್ಕದಲ್ಲಿ ಎಲೆ ಹಾಕಬಹುದು ಎಂಬ ಲೆಕ್ಕವನ್ನು ನಮ್ಮ ನಾಡೂ ಶತಮಾನಗಳ ಕಾಲ ಇಟ್ಟುಕೊಂಡು ಬಂದಿದೆ.

ಪೇತ್ರರು ಪ್ರೇಷಿತರಲ್ಲಿ ಮೊದಲಿಗರು. ಪ್ರಭುವೇ ಬೀಗದ ಕೈಗಳನ್ನು ಕೊಟ್ಟದ್ದು ಅವರಿಗೆ. ತಮ್ಮ ಅಧಿಕಾರವನ್ನು ನೆನಪಿಸಿ ಎಲ್ಲರ ಬಾಯಿ ಮುಚ್ಚಿಸಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ನಡೆದದ್ದನ್ನೆಲ್ಲ ಮೊದಲಿನಿಂದ, ಒಂದೊಂದಾಗಿ ಬಿಡಿಸಿ ಹೇಳಿದರು. ಜೊತೆಗಿದ್ದ ಆ ಆರು ಮಂದಿಯನ್ನು ತೋರಿಸಿದರು. ಕೇಳಿದವರು ಶಾಂತರಾಗಿ ದೇವರನ್ನು ಕೊಂಡಾಡಿದರು. ಪ್ರಶ್ನೆ ಕೇಳಿದವರನ್ನು ಶತ್ರುಗಳೆಂದು ಎಣಿಸದೆ, ವಿವರಣೆ ಕೇಳುವ ಹಕ್ಕುಳ್ಳ ಸಹೋದರರೆಂದು ಎಣಿಸಿದ್ದರಿಂದ ಇದು ಸಾಧ್ಯವಾಯಿತು.

ಜೆರುಸಲೇಮಿನ ಸಭೆ

ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಸುನ್ನತಿ ಮಾಡಿಸಿಕೊಳ್ಳದ ಹೊರತು ರಕ್ಷಣೆಯಿಲ್ಲ ಎಂದು ಕೆಲವರು ಅಂತಿಯೋಕ್ಯಕ್ಕೆ ಬಂದು ಬೋಧಿಸತೊಡಗಿದರು. ದೊಡ್ಡ ವಿವಾದವೆದ್ದಿತು. ಸುಮಾರು ಕ್ರಿ.ಶ. 49ರಲ್ಲಿ ಪ್ರೇಷಿತರೂ ಸಭಾಹಿರಿಯರೂ ಜೆರುಸಲೇಮಿನಲ್ಲಿ ಸೇರಿದರು. 15ನೇ ಅಧ್ಯಾಯದಲ್ಲಿರುವ ಈ ಸಭೆಯ ವರದಿಯನ್ನು ನಮ್ಮ ಪ್ರತಿಯೊಂದು ಪಾಲನಾ ಸಮಿತಿಯೂ ವರ್ಷಕ್ಕೊಮ್ಮೆ ಓದಬೇಕು.

ಅಲ್ಲಿ ಫರಿಸಾಯರ ಪಂಥದಿಂದ ಬಂದ ವಿಶ್ವಾಸಿಗಳಿಗೂ ಮಾತನಾಡಲು ಅವಕಾಶವಿತ್ತು. ಬಹಳ ಹೊತ್ತು ಚರ್ಚೆ ನಡೆಯಿತು. ಆಮೇಲೆ ಪೇತ್ರರು ಎದ್ದು, ನಮ್ಮ ಪೂರ್ವಜರಿಂದಾಗಲಿ ನಮ್ಮಿಂದಾಗಲಿ ಹೊರಲಾಗದ ನೊಗವನ್ನು ಈ ಹೊಸ ಶಿಷ್ಯರ ಹೆಗಲ ಮೇಲೆ ಏಕೆ ಹೇರಬೇಕು ಎಂದು ಕೇಳಿದರು. ಸಭೆ ಮೌನವಾಯಿತು. ದೇವರು ಅನ್ಯಜನಾಂಗಗಳ ನಡುವೆ ಮಾಡಿದ ಕಾರ್ಯಗಳನ್ನು ಬಾರ್ನಬ ಮತ್ತು ಪೌಲರು ವಿವರಿಸಿದರು. ಕೊನೆಗೆ ಯಕೋಬರು, ಪ್ರವಾದಿಗಳು ಮೊದಲೇ ಹೇಳಿದ್ದಕ್ಕೆ ಇದು ಒಪ್ಪುತ್ತದೆಯೆಂದು ತೋರಿಸಿ ತೀರ್ಮಾನವನ್ನು ಮುಂದಿಟ್ಟರು.

ಆ ತೀರ್ಮಾನದಲ್ಲಿ ಎರಡು ಮುಖಗಳಿವೆ. ಸುನ್ನತಿಯ ನಿಯಮವನ್ನು ಹೊಸಬರ ಮೇಲೆ ಹೇರಲಿಲ್ಲ. ಆದರೆ ಹಳಬರ ಮನಸ್ಸನ್ನೂ ಮರೆಯಲಿಲ್ಲ. ವಿಗ್ರಹಗಳಿಗೆ ಅರ್ಪಿಸಿದ್ದು, ರಕ್ತ, ಕತ್ತು ಹಿಸುಕಿ ಕೊಂದ ಪ್ರಾಣಿಯ ಮಾಂಸ, ಅನೈತಿಕತೆ ಇವುಗಳಿಂದ ದೂರವಿರಬೇಕೆಂದು ಕೇಳಿಕೊಂಡರು. ಹೀಗೆ ಅಗತ್ಯವಾದದ್ದನ್ನು ಮಾತ್ರ ಕೇಳಿ, ಎರಡು ಕಡೆಯವರೂ ಒಂದೇ ಮೇಜಿನಲ್ಲಿ ಕೂರಲು ದಾರಿ ಮಾಡಿದರು. ಪತ್ರ ಬರೆದು ಸುಮ್ಮನಾಗಲಿಲ್ಲ. ಅದನ್ನು ಬಾಯಿಮಾತಿನಲ್ಲೂ ತಿಳಿಸಲೆಂದು ಯೂದ ಮತ್ತು ಸೀಲ ಎಂಬಿಬ್ಬರನ್ನು ಕಳುಹಿಸಿದರು. ತಮ್ಮ ಕಡೆಯ ಕೆಲವರು ಅಪ್ಪಣೆಯಿಲ್ಲದೆ ಹೋಗಿ ಜನರನ್ನು ಕಳವಳಗೊಳಿಸಿದರೆಂದು ಆ ಪತ್ರದಲ್ಲೇ ಒಪ್ಪಿಕೊಂಡರು.

ಪೌಲರ ನಡತೆಯನ್ನೂ ನೋಡಿ. ಗ್ರೀಕನಾದ ತೀತನಿಗೆ ಸುನ್ನತಿ ಮಾಡಿಸಬೇಕೆಂಬ ಒತ್ತಾಯಕ್ಕೆ ಅವರು ಮಣಿಯಲಿಲ್ಲ. ಅದೇ ಪೌಲರು, ತಾಯಿಯ ಕಡೆಯಿಂದ ಯೆಹೂದ್ಯನಾದ ತಿಮೊಥೇಯನಿಗೆ ಆ ಪ್ರಾಂತ್ಯದ ಯೆಹೂದ್ಯರ ಸಲುವಾಗಿ ಸುನ್ನತಿ ಮಾಡಿಸಿದರು. ರಕ್ಷಣೆಗೆ ಅದು ಬೇಕೇಬೇಕು ಎಂದಾಗ ಬಂಡೆಯಂತೆ ನಿಂತರು, ಪ್ರೀತಿಗಾಗಿ ಬೇಕಾದಾಗ ಬಾಗಿದರು.

ಮುನ್ನಡೆಸಿದವರೂ ಎಡವುತ್ತಾರೆ

ಗಲಾತ್ಯರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಪೌಲರು ಒಂದು ಕಹಿ ಘಟನೆಯನ್ನು ಮುಚ್ಚಿಡದೆ ಹೇಳುತ್ತಾರೆ. ಅಂತಿಯೋಕ್ಯದಲ್ಲಿ ಪೇತ್ರರು ಅನ್ಯಜನಾಂಗದ ವಿಶ್ವಾಸಿಗಳೊಡನೆ ಸಂತೋಷದಿಂದ ಊಟ ಮಾಡುತ್ತಿದ್ದರು. ಯಕೋಬರ ಕಡೆಯ ಕೆಲವರು ಬಂದ ಮೇಲೆ, ಅವರಿಗೆ ಹೆದರಿ ಮೆಲ್ಲನೆ ಹಿಂದೆ ಸರಿದರು. ಅವರನ್ನು ನೋಡಿ ಉಳಿದವರೂ ಸರಿದರು. ಕೊನೆಗೆ ಬಾರ್ನಬರೂ ಅದೇ ದಾರಿ ಹಿಡಿದರು.

ಪೌಲರು ಇದನ್ನು ಬೆನ್ನ ಹಿಂದೆ ಆಡಿಕೊಳ್ಳಲಿಲ್ಲ, ಪೇತ್ರರ ಎದುರಿಗೇ ಹೇಳಿದರು. ಕೊರ್ನೇಲಿಯನ ಹೊಸ್ತಿಲು ದಾಟಿದ ಧೀರರೇ ನಾಲ್ಕು ಜನ ಏನೆಂದಾರೋ ಎಂದು ಅಳುಕಿದರು! ಒಮ್ಮೆ ತೀರ್ಮಾನ ಮಾಡಿದರೆ ಬದಲಾವಣೆ ಮುಗಿಯಿತೆಂದು ತಿಳಿಯಬಾರದು. ಊಟದ ಮೇಜಿನಲ್ಲಿ, ಹಬ್ಬದ ದಿನ, ನೆಂಟರು ಬಂದಾಗ ಅದು ಮತ್ತೆ ಮತ್ತೆ ಪರೀಕ್ಷೆಗೆ ಒಳಗಾಗುತ್ತದೆ. ಆದರೂ ಇಬ್ಬರೂ ಧರ್ಮಸಭೆಯನ್ನು ಒಡೆಯಲಿಲ್ಲ. ಹಬ್ಬದ ದಿನ ಜೊತೆಯಲ್ಲಿ ನಿಂತಿರುವ ಈ ಇಬ್ಬರು ಎಂದೂ ಜಗಳವಾಡದವರಲ್ಲ, ಜಗಳವಾಡಿಯೂ ಬಿಟ್ಟುಹೋಗದವರು.

ನಮ್ಮ ಹಿರಿಯರು ಕಂಡ ಬದಲಾವಣೆ

ಇಂಥದೇ ದೊಡ್ಡ ಬದಲಾವಣೆಯೊಂದನ್ನು ನಮ್ಮ ಮನೆಗಳ ಹಿರಿಯರು ಕಣ್ಣಾರೆ ಕಂಡಿದ್ದಾರೆ. 1959ರ ಜನವರಿ 25ರಂದು, ಸಂತ ಪೌಲರ ಮನಪರಿವರ್ತನೆಯ ಹಬ್ಬದ ದಿನ, ರೋಮಿನಲ್ಲಿ ಸಂತ ಪೌಲರ ಹೆಸರಿನ ಮಹಾದೇವಾಲಯದ ಬಳಿ 77 ವರ್ಷದ ಜಗದ್ಗುರು 23ನೇ ಜಾನ್‌ರವರು ಮಹಾಸಭೆಯೊಂದನ್ನು ಕರೆಯುವುದಾಗಿ 17 ಮಂದಿ ಕಾರ್ಡಿನಲರಿಗೆ ತಿಳಿಸಿದರು. ಅವರು ಆಯ್ಕೆಯಾಗಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಕೇಳಿದವರು ಮೌನವಾಗಿದ್ದರು. 1962ರ ಅಕ್ಟೋಬರ್ 11ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಆರಂಭವಾಯಿತು. ಮರುವರ್ಷ ಅವರು ತೀರಿಕೊಂಡಾಗ 6ನೇ ಪೌಲರು ಅದನ್ನು ಮುಂದುವರಿಸಿ 1965ರಲ್ಲಿ ಮುಗಿಸಿದರು.

ಆರಾಧನಾವಿಧಿಯ ಬಗ್ಗೆ ಅಲ್ಲಿ ದೀರ್ಘ ಚರ್ಚೆ ನಡೆಯಿತು. ಕೊನೆಗೆ 1963ರ ಡಿಸೆಂಬರ್ 4ರಂದು ಆ ಕುರಿತ ಸಂವಿಧಾನಕ್ಕೆ 2147 ಮಂದಿ ಒಪ್ಪಿಗೆ ಕೊಟ್ಟರು, ನಾಲ್ವರು ಮಾತ್ರ ವಿರೋಧಿಸಿದರು. ಲತೀನ್ ಭಾಷೆಯನ್ನು ಅದು ತಳ್ಳಿಹಾಕಲಿಲ್ಲ, ಜನರ ಭಾಷೆಗೆ ಹೆಚ್ಚಿನ ಸ್ಥಾನ ಕೊಡಬಹುದು ಎಂದಿತು. ಲತೀನ್ ತಾನೂ ಹೀಗೆಯೇ ಬಂದದ್ದು. ಮೊದಲ ಶತಮಾನಗಳಲ್ಲಿ ರೋಮಿನಲ್ಲಿ ಆರಾಧನೆ ಗ್ರೀಕ್ ಭಾಷೆಯಲ್ಲಿತ್ತು. ಜನರಾಡುವ ಭಾಷೆ ಬದಲಾದಾಗ ಆರಾಧನೆಯೂ ಲತೀನಿಗೆ ಬಂತು.

ಆದರೂ ನೋವಾಯಿತು. ಗುರುಗಳು ಪೀಠದ ಕಡೆ ಮುಖಮಾಡಿ ಲತೀನಿನಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದಾಗ ಹಿಂದೆ ಮೊಣಕಾಲೂರಿ ಜಪಸರ ಹೇಳುತ್ತಿದ್ದ ಅಜ್ಜಿಯರು, ಅರ್ಥ ಗೊತ್ತಿಲ್ಲದಿದ್ದರೂ ಲತೀನ್ ಹಾಡುಗಳನ್ನು ಬಾಯಿಪಾಠ ಮಾಡಿದ್ದ ತಾತಂದಿರು ಏನನ್ನೋ ಕಳೆದುಕೊಂಡಂತೆ ತಳಮಳಿಸಿದರು. 6ನೇ ಪೌಲರು ಈ ನೋವನ್ನು ಅಲ್ಲಗಳೆಯಲಿಲ್ಲ. ಹೊಸ ಪೂಜಾವಿಧಿ ಜಾರಿಗೆ ಬರುವ ಮುನ್ನ, 1969ರ ನವೆಂಬರ್ 26ರಂದು, ಹೆಚ್ಚು ಕಸಿವಿಸಿಗೊಳ್ಳುವವರು ಭಕ್ತಿವಂತರೇ ಎಂದೂ, ಲತೀನನ್ನು ಬಿಡುವುದು ದೊಡ್ಡ ತ್ಯಾಗವೆಂದೂ ಬಹಿರಂಗವಾಗಿ ಒಪ್ಪಿಕೊಂಡರು. ಆದರೂ ಜನರಿಗೆ ಪ್ರಾರ್ಥನೆ ಅರ್ಥವಾಗುವುದು ಅದಕ್ಕಿಂತ ಬೆಲೆಯುಳ್ಳದ್ದು ಎಂದು ತಿಳಿಹೇಳಿದರು.

ಎಲ್ಲರೂ ಜೊತೆಯಲ್ಲಿ ಬಂದರೆ? ಇಲ್ಲ. ಮಹಾಧರ್ಮಾಧ್ಯಕ್ಷ ಮಾರ್ಸೆಲ್ ಲೆಫೆಬ್ವ್ರ್ ಮಹಾಸಭೆಯ ಸುಧಾರಣೆಗಳನ್ನು ವಿರೋಧಿಸಿ, 1988ರ ಜೂನ್ 30ರಂದು ಜಗದ್ಗುರುಗಳ ಅಪ್ಪಣೆಯಿಲ್ಲದೆ ನಾಲ್ವರು ಧರ್ಮಾಧ್ಯಕ್ಷರನ್ನು ಅಭಿಷೇಕಿಸಿದರು. 2009ರಲ್ಲಿ ಜಗದ್ಗುರು 16ನೇ ಬೆನೆಡಿಕ್ಟರು ಆ ನಾಲ್ವರ ಮೇಲಿನ ಬಹಿಷ್ಕಾರವನ್ನು ತೆಗೆದು ಮಾತುಕತೆಯ ಬಾಗಿಲನ್ನು ತೆರೆದರು. ಹೋದವರಿಗಾಗಿ ದೀಪ ಆರಿಸದೆ ಕಾಯುವುದೂ ಮುನ್ನಡೆಸುವವರ ಕರ್ತವ್ಯವೇ.

ನಮ್ಮ ಧರ್ಮಕೇಂದ್ರದಲ್ಲಿ, ನಮ್ಮ ಮನೆಯಲ್ಲಿ

ಪೂಜೆಯ ವೇಳೆ ಬದಲಾಯಿಸುವುದು, ಹಬ್ಬದ ಪಟಾಕಿಯ ಖರ್ಚನ್ನು ಬಡಮಕ್ಕಳ ಓದಿಗೆ ಕೊಡುವುದು, ವರ್ಷಗಳಿಂದ ಕೆಲವೇ ಮನೆತನಗಳ ಕೈಯಲ್ಲಿರುವ ಜವಾಬ್ದಾರಿಯನ್ನು ಎಲ್ಲರಿಗೂ ಹಂಚುವುದು. ಇಂಥ ಮಾತು ಬಂದಾಗಲೆಲ್ಲ ನಮ್ಮಲ್ಲೂ ಗುಂಪುಗಳಾಗುತ್ತವೆ. ಒಬ್ಬರು ಬಾಗಿಲು ಬಡಿದು ಹೊರಗೆ ಹೋಗುತ್ತಾರೆ, ಇನ್ನೊಬ್ಬರು ಹೋದರೆ ಹೋಗಲಿ ಎನ್ನುತ್ತಾರೆ. ಈ ಎರಡೂ ಮಾತುಗಳು ಪ್ರೇಷಿತರ ಬಾಯಿಂದ ಬಂದವಲ್ಲ.

ಮುನ್ನಡೆಸುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವು: ಈ ಬದಲಾವಣೆಗೆ ನಾವು ಮೊದಲು ಮಣಿದಿದ್ದೇವೆಯೇ? ಇದು ದೇವರ ಕೆಲಸವೋ, ನಮ್ಮ ಹಟವೋ? ಕಾರಣವನ್ನು ಮೊದಲಿನಿಂದ ಬಿಡಿಸಿ ಹೇಳಿದ್ದೇವೆಯೇ, ಅಥವಾ ಪೂಜೆಯ ಕೊನೆಯಲ್ಲಿ ಪ್ರಕಟಣೆ ಓದಿ ಮುಗಿಸಿದ್ದೇವೆಯೇ? ಅಗತ್ಯಕ್ಕಿಂತ ಹೆಚ್ಚಿನ ಭಾರ ಹೊರಿಸುತ್ತಿದ್ದೇವೆಯೇ? ಐವತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತು ಪ್ರಾರ್ಥಿಸಿದ ತಾಯಿಯ ಕಣ್ಣೀರನ್ನು ಹಟಮಾರಿತನವೆಂದು ಕರೆಯುತ್ತಿದ್ದೇವೆಯೇ?

ಬೇಡವೆನ್ನುವವರಿಗೂ ಪ್ರಶ್ನೆಗಳಿವೆ. ಜೆರುಸಲೇಮಿನಲ್ಲಿ ಆಕ್ಷೇಪಿಸಿದವರು ಸಭೆಯೊಳಗೇ ಎದ್ದು ಮಾತನಾಡಿದರು. ನಾವು ದೇವಾಲಯದ ಅಂಗಳದಲ್ಲಿ, ಫೋನಿನ ಗುಂಪುಗಳಲ್ಲಿ ಮಾತ್ರ ಆಡಿಕೊಳ್ಳುತ್ತಿದ್ದೇವೆಯೇ? ಅವರು ಪೇತ್ರರ ಮಾತಿಗೆ ಮೌನವಾಗಿ ಕಿವಿಗೊಟ್ಟರು. ನಮಗೆ ಕೇಳುವ ತಾಳ್ಮೆಯಿದೆಯೇ? ನಾವು ಕಾಪಾಡಲು ಹೊರಟಿರುವುದು ವಿಶ್ವಾಸವನ್ನೋ, ನಮ್ಮ ಕುರ್ಚಿಯನ್ನೋ?

ಮನೆಯಲ್ಲೂ ಇದೇ ಪಾಠ. ಮಗಳು ಮುಂದೆ ಓದಬೇಕೆಂದಾಗ, ಮಗ ಮದುವೆಯ ಆಡಂಬರ ಬೇಡವೆಂದಾಗ, ನಮ್ಮ ಮನೆಯಲ್ಲಿ ಹಿಂದೆಂದೂ ಹೀಗೆ ನಡೆದಿಲ್ಲ ಎಂಬ ಮಾತು ನಮ್ಮ ನಾಲಗೆಯ ತುದಿಯಲ್ಲೇ ಇರುತ್ತದೆ. ಜೊಪ್ಪದ ಮಾಳಿಗೆಯ ಮೇಲೆ ಪೇತ್ರರು ಹೇಳಿದ್ದೂ ಅದನ್ನೇ. ದೇವರು ಅವರಿಗೆ ಮೂರು ಸಲ ತಾಳ್ಮೆಯಿಂದ ತಿಳಿಹೇಳಿದರು. ನಾವೂ ಒಬ್ಬರಿಗೊಬ್ಬರು ಮೂರು ಸಲವಾದರೂ ತಿಳಿಹೇಳೋಣ, ಮೂರು ಸಲವಾದರೂ ಕೇಳಿಸಿಕೊಳ್ಳೋಣ.

ಪ್ರಾರ್ಥಿಸೋಣ: ಓ ಪ್ರಭುವೇ, ಬೆಸ್ತರಾದ ಪೇತ್ರರನ್ನೂ ಬೋಧಕರಾದ ಪೌಲರನ್ನೂ ಒಂದೇ ಸಭೆಯ ಕಂಬಗಳನ್ನಾಗಿ ಮಾಡಿದಿರಿ. ನಮ್ಮನ್ನು ನಡೆಸುವವರಿಗೆ ಧೈರ್ಯವನ್ನೂ ಮೃದುತ್ವವನ್ನೂ ಕೊಡಿ. ನಡೆಯುವ ನಮಗೆ ಕೇಳುವ ಕಿವಿಯನ್ನು ಕೊಡಿ. ದಾರಿಯಲ್ಲಿ ಹಿಂದುಳಿದವರ ಕೈಯನ್ನು ನಾವು ಬಿಡದಂತೆ ಮಾಡಿ. ಆಮೆನ್.

ನಿಮಗೆಲ್ಲರಿಗೂ ಸಂತ ಪೇತ್ರ ಮತ್ತು ಸಂತ ಪೌಲರ ಹಬ್ಬದ ಶುಭಾಶಯಗಳು.