ಉಬ್ಬಸವೂ ಶ್ವಾಸನಾಳವಿಕಾಸಕ ಔಷಧಗಳೂ

ಕನ್ನಡದಲ್ಲಿ ಉಬ್ಬಸ, ಗೂರಲು, ದಮ್ಮು ಎಂಬ ಹೆಸರುಗಳಿಂದ ಪ್ರಸಿದ್ಧವಾಗಿರುವ ವ್ಯಾಧಿಯು ಪ್ರಾಚೀನರಿಗೆ ಅಪರಿಚಿತವಾದುದಲ್ಲ. ಚರಕಸಂಹಿತೆಯು ಶ್ವಾಸರೋಗವನ್ನು ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂದು ಐದಾಗಿ ವಿಭಾಗಿಸಿದೆ; ಇವುಗಳಲ್ಲಿ ತಮಕಶ್ವಾಸದ ಲಕ್ಷಣಗಳು ಆಸ್ತಮಾದ ಲಕ್ಷಣಗಳನ್ನು ಬಹುಮಟ್ಟಿಗೆ ಹೋಲುತ್ತವೆ. ಇದಕ್ಕೆ ಈಗ ಪ್ರಯೋಗಿಸುವ ಶ್ವಾಸನಾಳವಿಕಾಸಕ ಔಷಧಗಳು ಏನನ್ನು ಮಾಡಬಲ್ಲವು, ಏನನ್ನು ಮಾಡಲಾರವು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಆಸ್ತಮಾದಲ್ಲಿ ಎರಡು ವಿಕಾರಗಳು ಕೂಡಿರುತ್ತವೆ. ಶ್ವಾಸನಾಳಗಳನ್ನು ಸುತ್ತುವರಿದ ಸ್ನಾಯುಗಳು ಬಿಗಿದುಕೊಳ್ಳುವುದು ಒಂದು. ನಾಳಗಳ ಒಳಪೊರೆಯು ಉರಿಯೂತದಿಂದ ಊದಿಕೊಂಡು ಕಫವನ್ನು ಸ್ರವಿಸುವುದು ಮತ್ತೊಂದು. ವಿಕಾಸಕಗಳು ಮುಖ್ಯವಾಗಿ ಮೊದಲನೆಯದನ್ನು ಪರಿಹರಿಸತಕ್ಕವು.

ಇವುಗಳಲ್ಲಿ ಎರಡು ಮುಖ್ಯ ವಂಶಗಳುಂಟು. ಜಪಾನಿನ ರಸಾಯನಜ್ಞ ತಾಕಾಮಿನೆಯು ೧೯೦೧ರಲ್ಲಿ ಪ್ರಕಟಪಡಿಸಿದ ಅಡ್ರಿನಲಿನ್ ಮೊದಲನೆಯದರ ಮೂಲ. ಅದು ನಾಳವನ್ನು ಸಡಿಲಿಸಿದರೂ ಹೃದಯವನ್ನು ಉದ್ರೇಕಿಸುತ್ತಿತ್ತು. ಇಂತಹ ದ್ರವ್ಯಗಳನ್ನು ಗ್ರಹಿಸುವ ಸ್ಥಾನಗಳು ಆಲ್ಫಾ, ಬೀಟಾ ಎಂದು ಎರಡು ವಿಧವೆಂಬುದನ್ನು ಆಲ್‌ಕ್ವಿಸ್ಟನು ೧೯೪೮ರಲ್ಲಿ ಪ್ರತಿಪಾದಿಸಿದನು. ಶ್ವಾಸನಾಳದ ಬೀಟಾ-೨ ಸ್ಥಾನಗಳ ಮೇಲೆಯೇ ವಿಶೇಷವಾಗಿ ವರ್ತಿಸುವ ಸಾಲ್ಬುಟಮಾಲ್ ೧೯೬೯ರಲ್ಲಿ ಬಳಕೆಗೆ ಬಂದಿತು. ಉಸಿರಿನೊಡನೆ ಸೇದಿದರೆ ಕೆಲವೇ ನಿಮಿಷಗಳಲ್ಲಿ ಫಲಿಸುವ ಇದರ ಪರಿಣಾಮವು ೪ರಿಂದ ೬ ಗಂಟೆಗಳ ಕಾಲ ನಿಲ್ಲುತ್ತದೆ.

ಎರಡನೆಯ ವಂಶವು ನಮ್ಮ ಹಿತ್ತಿಲಿನ ದತ್ತೂರಕ್ಕೆ ಹತ್ತಿರದ ಬಂಧು. ಉಬ್ಬಸಕ್ಕೆ ದತ್ತೂರದ ಹೊಗೆ ಸೇದುವ ಪದ್ಧತಿಯು ೧೯ನೆಯ ಶತಮಾನದ ಆದಿಯಲ್ಲಿ ಮದರಾಸಿನಿಂದ ಇಂಗ್ಲೆಂಡನ್ನು ಮುಟ್ಟಿತು. ಅದರಲ್ಲಿರುವ ಅಟ್ರೊಪಿನ್ನಿನಂತೆಯೇ ಇಪ್ರಟ್ರೋಪಿಯಮ್, ಟಯೊಟ್ರೋಪಿಯಮ್ ಎಂಬುವು ಸ್ನಾಯುವನ್ನು ಬಿಗಿಸುವ ನರಸಂದೇಶವನ್ನು ತಡೆಯುತ್ತವೆ. ದತ್ತೂರವಾದರೋ ವಿಷಸಸ್ಯ, ಅದನ್ನು ಸ್ವತಃ ಪ್ರಯೋಗಿಸುವುದು ಅಪಾಯಕರ.

ಹೊಗೆಸೊಪ್ಪಿನ ಸೇವನೆಯಿಂದಲೋ ಸೌದೆಯೊಲೆಯ ಹೊಗೆಯಿಂದಲೋ ಬರುವ ದೀರ್ಘಕಾಲಿಕ ಶ್ವಾಸಕೋಶರೋಗದಲ್ಲಿ ನಾಳಸಂಕೋಚವು ಪೂರ್ಣವಾಗಿ ಹಿಂದಿರುಗದು. ಆದರೂ ಬಹುಕಾಲ ನಿಲ್ಲುವ ವಿಕಾಸಕಗಳು ಶ್ವಾಸಕೋಶದಲ್ಲಿ ಸಿಕ್ಕಿಕೊಂಡ ಗಾಳಿಯು ಹೊರಬೀಳಲು ನೆರವಾಗಿ, ನಡೆಯುವಾಗಿನ ಏದುಸಿರನ್ನು ತಗ್ಗಿಸುತ್ತವೆ. ಅಲ್ಲಿ ಅವೇ ಚಿಕಿತ್ಸೆಯ ಪ್ರಧಾನಾಂಗ.

ಆಸ್ತಮಾದಲ್ಲಿ ಹಾಗಲ್ಲ. ಸಾಲ್ಬುಟಮಾಲಿನಿಂದ ಉಸಿರು ಸರಾಗವಾದೊಡನೆ ರೋಗವೇ ಅಡಗಿತೆಂದು ರೋಗಿಯು ಭಾವಿಸುವುದು ಸಹಜ; ಆದರೆ ಒಳಪೊರೆಯ ಉರಿಯೂತವು ಹಾಗೆಯೇ ಉಳಿದು, ಮುಂದೆ ಪ್ರಾಣಾಂತಿಕವಾದ ಆಕ್ರಮಣಕ್ಕೆ ಎಡೆಗೊಡಬಹುದು. ಆದಕಾರಣವೇ ‘ಗ್ಲೋಬಲ್ ಇನಿಷಿಯೇಟಿವ್ ಫಾರ್ ಆಸ್ತಮಾ’ ಸಂಸ್ಥೆಯು ೨೦೧೯ರಲ್ಲಿ, ವಯಸ್ಕರಿಗೂ ಹರೆಯದವರಿಗೂ ಅಲ್ಪಕಾಲ ನಿಲ್ಲುವ ವಿಕಾಸಕವೊಂದನ್ನೇ ಕೊಡಬಾರದೆಂದೂ, ಸೇದುವ ಸ್ಟಿರಾಯ್ಡನ್ನು ಒಳಗೊಂಡ ಚಿಕಿತ್ಸೆ ಬೇಕೆಂದೂ ವಿಧಿಸಿತು. ಕಷ್ಟದ ಉಪಶಮನವು ಬೇರೆ, ರೋಗದ ನಿಯಂತ್ರಣವು ಬೇರೆ. ಈ ಭೇದವನ್ನು ನಮ್ಮ ವೈದ್ಯಕ ಪರಿಭಾಷೆಯೂ ಸ್ಪಷ್ಟವಾಗಿ ಕಾಯ್ದುಕೊಳ್ಳುವುದು ಅವಶ್ಯಕ.