ಆರು ಮೀಟರಿನೊಳಗೆ: ಜಂಬಿಟ್ಟಿಗೆ ಕ್ವಾರಿಯ ಅಪಾಯಗಳು

ಹೊಸನಗರದಿಂದ ನಗರ, ಮಾಸ್ತಿಕಟ್ಟೆ ದಾಟಿ ಕುಂದಾಪುರದ ಕಡೆಗೆ ಹೋದರೆ ಘಟ್ಟದ ನೆತ್ತಿಯಲ್ಲಿ ಹುಲಿಕಲ್ ಸಿಗುತ್ತದೆ. ಅಲ್ಲಿಂದಾಚೆ ಬಾಳೆಬರೆ ಘಾಟಿಯ ತಿರುವುಗಳು ಹೊಸಂಗಡಿಗೆ ಇಳಿಯುತ್ತವೆ. ಮಳೆಯ ಲೆಕ್ಕದಲ್ಲಿ ಈ ಊರು ಆಗುಂಬೆಯನ್ನೂ ಹಿಂದಿಕ್ಕಿದ ವರ್ಷಗಳಿವೆ. ಹುಲಿಕಲ್ಲಿನ ಸುತ್ತಲಿನ ಹೊಸನಗರ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮನೆ, ಕಾಂಪೌಂಡು, ಬಾವಿಕಟ್ಟೆ ಎಲ್ಲಕ್ಕೂ ಬಹುಕಾಲದಿಂದ ಬಳಸುತ್ತಿರುವುದು ಜಂಬಿಟ್ಟಿಗೆ ಕಲ್ಲು. ನಗರದಲ್ಲಿರುವ ಬಿದನೂರು ಕೋಟೆಯ ಗೋಡೆಗಳಲ್ಲೂ ಇದೇ ಕೆಂಪು ಕಲ್ಲಿದೆ. 1800-01ರಲ್ಲಿ ಈ ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪುರಂನಲ್ಲಿ ಕಂಡ ಇಂಥ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಿಂದ ಆ ಹೆಸರು ಜಗತ್ತಿನ ಭೂವಿಜ್ಞಾನಕ್ಕೆ ಸೇರಿತು.

ಕಲ್ಲುಗಣಿಯ ಅಪಘಾತ ಎಂದರೆ ನಮಗೆ ಮೊದಲು ನೆನಪಾಗುವುದು ಸ್ಫೋಟ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಪಕ್ಕದ ಹುಣಸೋಡಿನ ಜಲ್ಲಿ ಕ್ರಷರ್ ಬಳಿ ಸ್ಫೋಟಕ ತುಂಬಿದ್ದ ಲಾರಿ ಸಿಡಿದಾಗ, ದೂರದ ಊರುಗಳ ಜನ ಭೂಕಂಪವೆಂದು ಮನೆಯಿಂದ ಹೊರಗೋಡಿ ಬಂದರು. ಕನಿಷ್ಠ ಐವರು ಸತ್ತರು. ತಿಂಗಳು ಕಳೆದು ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನರ ಜೀವ ಹೋಯಿತು. ಎರಡೂ ಕಡೆ ಸಾವು ಬಂದದ್ದು ಬಂಡೆ ಸಿಡಿಸುವ ಹೊತ್ತಿನಲ್ಲಲ್ಲ. ಸ್ಫೋಟಕವನ್ನು ಸಾಗಿಸುವ, ಬಚ್ಚಿಡುವ, ವಿಲೇವಾರಿ ಮಾಡುವ ದಾರಿಯಲ್ಲಿ ನಿಯಮಗಳನ್ನು ಗಾಳಿಗೆ ತೂರಿದ್ದರಿಂದ ಬಂತು. ಈ ಎರಡು ಘಟನೆಗಳಾದ ಮೇಲೆ ತಪಾಸಣೆಗಳಾದವು, ಪ್ರಕರಣಗಳು ದಾಖಲಾದವು, ಪತ್ರಿಕೆಗಳು ಪುಟಗಟ್ಟಲೆ ಬರೆದವು.

ಜಂಬಿಟ್ಟಿಗೆ ಕ್ವಾರಿಯಲ್ಲಿ ಮದ್ದು ಸಿಡಿಯುವುದಿಲ್ಲ. ಹಾಗಾಗಿ ಅದು ಸುರಕ್ಷಿತ ಎಂಬ ನಂಬಿಕೆ ಕೆಲಸಗಾರರಲ್ಲೂ ಇದೆ, ಮಾಲೀಕರಲ್ಲೂ ಇದೆ. ಕಾನೂನಿನಲ್ಲೂ ಒಂದಿಷ್ಟು ಇದೆ. ಈ ಅಧ್ಯಾಯ ಆ ನಂಬಿಕೆಯನ್ನು ಪರೀಕ್ಷಿಸುತ್ತದೆ.

ಮೊದಲು ಕ್ವಾರಿಯ ಗೋಡೆಯನ್ನು ನೋಡೋಣ. ಮೇಲೆ ಹುಲ್ಲು, ಬೇರು, ಸಡಿಲ ಮಣ್ಣು. ಅದರ ಕೆಳಗೆ ಗಾಳಿ ಬಿಸಿಲಿಗೆ ಗಟ್ಟಿಯಾದ ಚಿಪ್ಪಿನಂಥ ಪದರ. ಅದರಡಿಯಲ್ಲಿ ಕಡಿಯಲು ಬರುವ ಹದವಾದ ಕಲ್ಲು, ತೂತುತೂತಾಗಿ, ಕೆಂಪು ಹಳದಿ ಬೆರೆತು. ಇನ್ನೂ ಆಳಕ್ಕೆ ಹೋದರೆ ಬಿಳಿ ಇಲ್ಲವೇ ನಸುಗೆಂಪು ಬಣ್ಣದ ಶೇಡಿಮಣ್ಣು. ಅಪಾಯವಿರುವುದು ಈ ಜೋಡಣೆಯಲ್ಲೇ. ಜಂಬಿಟ್ಟಿಗೆಯ ತೂತುಗಳಲ್ಲಿ ಮಳೆನೀರು ಸಲೀಸಾಗಿ ಇಳಿಯುತ್ತದೆ. ಶೇಡಿ ಅದನ್ನು ಅಷ್ಟು ಸುಲಭವಾಗಿ ಕೆಳಕ್ಕೆ ಬಿಡದೆ ತಾನೇ ನೆನೆದು ಮೆತ್ತಗಾಗುತ್ತದೆ. ಒಣಗಿದ್ದಾಗ ಗುದ್ದಲಿಗೂ ಜಗ್ಗದ ಶೇಡಿ, ನೀರು ಕುಡಿದ ಮೇಲೆ ಮೇಲಿನ ಭಾರ ತಡೆಯಲಾರದೆ ಜಾರುತ್ತದೆ. ಕಲ್ಲು ಚೆನ್ನಾಗಿ ಬರುತ್ತಿದೆಯೆಂದು ಬುಡದವರೆಗೂ ಕಡಿದು ಶೇಡಿಯನ್ನು ಬಯಲು ಮಾಡಿದ ಗೋಡೆ, ಕಾಲಿನ ಕೆಳಗಿನ ನೆಲವನ್ನೇ ಕಳೆದುಕೊಂಡಂತೆ. ಮಲೆನಾಡಿನಲ್ಲಿ ಮಳೆಗಾಲದ ದಿನಪತ್ರಿಕೆ ತೆರೆದರೆ ‘ಧರೆ ಕುಸಿತ’ ಎಂಬ ಸುದ್ದಿ ಇದ್ದೇ ಇರುತ್ತದೆ. ಮನೆಯ ಹಿಂದಿನ ಧರೆಯನ್ನು ಕೆಡಹುವ ನೀರೇ ಕ್ವಾರಿಯ ಗೋಡೆಯನ್ನೂ ಕೆಡಹುತ್ತದೆ.

ಮಳೆಗಾಲದಲ್ಲಿ ಹುಲಿಕಲ್ ಸುತ್ತ ಕಲ್ಲು ಕಡಿಯುವ ಕೆಲಸ ನಡೆಯುವಂತಿಲ್ಲ. ಗುಂಡಿ ತುಂಬಾ ನೀರು. ನಿಜವಾದ ಅಪಾಯದ ಕಾಲ ಅದರ ಎರಡು ಅಂಚುಗಳಲ್ಲಿದೆ. ಒಂದು, ಮಳೆ ನಿಂತು ಪಂಪು ಹಚ್ಚಿ ನೀರು ಖಾಲಿ ಮಾಡಿ ಕೆಲಸ ಶುರುಮಾಡುವ ದಿನಗಳು. ತಿಂಗಳುಗಟ್ಟಲೆ ನೆನೆದ ಗೋಡೆಗೆ ಗುಂಡಿಯಲ್ಲಿದ್ದ ನೀರೇ ಒತ್ತು ಕೊಟ್ಟು ನಿಲ್ಲಿಸಿರುತ್ತದೆ. ಆ ನೀರನ್ನು ಎರಡೇ ದಿನಕ್ಕೆ ಹೊರಹಾಕಿದರೆ ಒತ್ತು ಹೋಯಿತು, ಗೋಡೆಯೊಳಗಿನ ನೀರು ಹಾಗೇ ಉಳಿಯಿತು. ಇನ್ನೊಂದು, ಏಪ್ರಿಲ್ ಮೇ ತಿಂಗಳ ಅಡ್ಡಮಳೆಯ ಸಂಜೆಗಳು. ಮುಂಗಾರು ಬರುವುದರೊಳಗೆ ಇನ್ನೊಂದಿಷ್ಟು ಲೋಡು ಏಳಿಸಿಬಿಡುವ ಆತುರ ಎಲ್ಲರಿಗೂ ಇರುವ ಹೊತ್ತು ಅದು. ಬಯಲು ಗುಡ್ಡದ ಮೇಲೆ ಕಬ್ಬಿಣದ ಯಂತ್ರದ ಪಕ್ಕ ನಿಂತವನಿಗೆ ಆ ಸಂಜೆಗಳಲ್ಲಿ ಸಿಡಿಲಿನ ಭಯವೂ ಇದೆ. ಗುಡುಗು ಕೇಳಿಸಿತೆಂದರೆ ಯಂತ್ರ ನಿಲ್ಲಿಸಿ ಗಟ್ಟಿ ಚಾವಣಿಯ ಕಟ್ಟಡಕ್ಕೋ ಮುಚ್ಚಿದ ವಾಹನಕ್ಕೋ ಸೇರಿಕೊಳ್ಳಬೇಕು. ತಗಡಿನ ಶೆಡ್ಡಾಗಲಿ, ಒಂಟಿ ಮರವಾಗಲಿ ಆಸರೆಯಲ್ಲ.

ಕುಸಿಯುವ ಗೋಡೆ ಸಾಮಾನ್ಯವಾಗಿ ಮುನ್ಸೂಚನೆ ಕೊಡುತ್ತದೆ. ಅಂಚಿಗೆ ಸಮಾನಾಂತರವಾಗಿ ಮೇಲ್ಮಣ್ಣಿನಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ. ನಿನ್ನೆ ಒಣಗಿದ್ದ ಜಾಗದಿಂದ ಇವತ್ತು ಕೆಸರುನೀರು ಒಸರುತ್ತದೆ. ಸಣ್ಣ ಹೆಂಟೆಗಳು ಉದುರತೊಡಗುತ್ತವೆ. ಇವೆಲ್ಲ ಕಾಣುವುದು ಮೇಲೆ ನಿಂತವರಿಗೆ, ಕೆಳಗೆ ತಲೆ ತಗ್ಗಿಸಿ ಕಲ್ಲು ಏಳಿಸುವವರಿಗಲ್ಲ. ಅದಕ್ಕೇ ಪ್ರತಿದಿನ ಕೆಲಸಕ್ಕಿಳಿಯುವ ಮೊದಲು ಒಬ್ಬರು ಗುಂಡಿಯ ಅಂಚನ್ನು ಪೂರ್ತಿ ಸುತ್ತಿಬರಬೇಕು. ಮಳೆ ಬಂದ ಮರುದಿನವಂತೂ ತಪ್ಪಿಸಲೇಬಾರದು. ಇದಕ್ಕೆ ಖರ್ಚಿಲ್ಲ, ಹತ್ತು ನಿಮಿಷ ಸಾಕು. ಒಂದು ಘನ ಮೀಟರ್ ಒದ್ದೆಮಣ್ಣು ಸುಮಾರು 2 ಟನ್ ತೂಗುತ್ತದೆ. ಎದೆಮಟ್ಟ ಹೂತುಹೋದರೂ ಸಾಕು, ತಲೆ ಹೊರಗಿದ್ದೂ ಉಸಿರಾಡಲಾಗದೆ ಮನುಷ್ಯ ಸಾಯಬಹುದು.

1961ರ ಲೋಹಗಣಿ ನಿಯಮಾವಳಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮೆತ್ತನೆಯ ಮಣ್ಣು, ಮೊರಂ ಇರುವಲ್ಲಿ ಬದಿಯನ್ನು 45 ಡಿಗ್ರಿಗಿಂತ ಕಡಿದಾಗಿ ಬಿಡಬಾರದು, ಇಲ್ಲವೇ ಒಂದೂವರೆ ಮೀಟರ್ ಮೀರದ ಮೆಟ್ಟಿಲುಗಳಾಗಿ ತೆಗೆಯಬೇಕು; ಮೆಟ್ಟಿಲಿನ ಅಗಲ ಅದರ ಎತ್ತರಕ್ಕಿಂತ ಕಡಿಮೆ ಇರಬಾರದು. ಗಟ್ಟಿ ನೆಲದಲ್ಲೂ ಒಂದು ಮೆಟ್ಟಿಲು 6 ಮೀಟರ್ ದಾಟುವಂತಿಲ್ಲ. ಅಂಚಿನಿಂದ 3 ಮೀಟರ್ ಒಳಗೆ ಮರ, ಸಡಿಲ ಕಲ್ಲು, ಮಣ್ಣಿನ ರಾಶಿ ಇರಬಾರದು. ಬುಡ ಕೊರೆದು ಮೇಲ್ಭಾಗವನ್ನು ಚಾಚಿದಂತೆ ಉಳಿಸಬಾರದು. ಮಲೆನಾಡಿನ ಎಷ್ಟೋ ಗುಂಡಿಗಳನ್ನು ರಸ್ತೆಯಿಂದ ನೋಡಿದರೂ ಸಾಕು, ಇದರ ಉಲ್ಲಂಘನೆ ಕಣ್ಣಿಗೆ ಬೀಳುತ್ತದೆ: ನೇರ ಕತ್ತರಿಸಿದ ಗೋಡೆ, ಅದರ ತುದಿಯಲ್ಲೇ ಅಗೆದು ಹಾಕಿದ ಮಣ್ಣು, ಆ ಮಣ್ಣಿನ ಮೇಲೆ ನಿಂತ ಲಾರಿ.

ಉಲ್ಲಂಘನೆ ಎಂಬ ಮಾತನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. 1952ರ ಗಣಿ ಕಾಯ್ದೆಯ 3ನೇ ಸೆಕ್ಷನ್ ಕೆಲವು ಗಣಿಗಳನ್ನು ತನ್ನ ಬಹುಪಾಲು ನಿಯಮಗಳಿಂದ ಹೊರಗಿಟ್ಟಿತು. ಆ ಪಟ್ಟಿಯಲ್ಲಿ ಮೊರಂ, ಗರಸು, ಕಟ್ಟಡದ ಕಲ್ಲುಗಳ ಜೊತೆ ಲ್ಯಾಟರೈಟಿನ ಹೆಸರೇ ಇದೆ. ತೆರೆದ ಗುಂಡಿಗೆ ಷರತ್ತು ಮೂರು: ಅತಿ ಎತ್ತರದ ಬಿಂದುವಿನಿಂದ ಅತಿ ತಗ್ಗಿನವರೆಗೆ ಆಳ ಎಲ್ಲೂ 6 ಮೀಟರ್ ಮೀರಬಾರದು, ಯಾವ ದಿನವೂ 50ಕ್ಕಿಂತ ಹೆಚ್ಚು ಜನ ಕೆಲಸಕ್ಕಿರಬಾರದು, ಸ್ಫೋಟಕ ಬಳಸಬಾರದು. ನಮ್ಮ ಸಣ್ಣ ಜಂಬಿಟ್ಟಿಗೆ ಗುಂಡಿಗೆ ಅಳತೆ ತೆಗೆದು ಬರೆದಂತಿದೆ ಈ ಪಟ್ಟಿ. ಬಾವಿ, ತೋಟದ ಕೆರೆ ತೋಡುವಂಥ ಚಿಕ್ಕ ಕೆಲಸಕ್ಕೆ ದೊಡ್ಡ ಗಣಿಯ ಕಾಗದಪತ್ರ ಹೊರಿಸಬಾರದೆಂಬುದು ಅದರ ಹಿಂದಿನ ಯೋಚನೆಯಿದ್ದೀತು. ಆದರೆ 6 ಮೀಟರ್ ಎಂದರೆ ಎರಡಂತಸ್ತಿನ ಮನೆಯಷ್ಟು ಎತ್ತರ. ಮೂರು ಮೀಟರಿನ ಗೋಡೆ ಮೈಮೇಲೆ ಬಿದ್ದರೂ ಬದುಕುಳಿಯುವುದು ಕಷ್ಟ. ಆ ಕಾಯ್ದೆಯ ಬದಲು ಈಗ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಸ್ಥಿತಿಗತಿಗಳ ಸಂಹಿತೆಯಲ್ಲೂ ಇದೇ ಬಗೆಯ ವಿನಾಯಿತಿ ಮುಂದುವರಿದಿದೆ.

ಇದರ ಕೆಟ್ಟ ಪರಿಣಾಮ ಅಪಘಾತದ ಲೆಕ್ಕದಲ್ಲಿದೆ. ಕಾನೂನಿನಡಿ ಬರುವ ಗಣಿಯಲ್ಲಿ ಸಾವು, ಗಂಭೀರ ಗಾಯವಾದರೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ತಿಳಿಸಲೇಬೇಕು. 1902ರಲ್ಲಿ ಹುಟ್ಟಿದ, ಧನಬಾದಿನಲ್ಲಿ ಕೇಂದ್ರ ಕಚೇರಿಯುಳ್ಳ ಈ ಸಂಸ್ಥೆ ಪ್ರತಿ ಸಾವಿನ ಕಾರಣ ಹುಡುಕಿ, ಅದರಿಂದ ಕಲಿತ ಪಾಠವನ್ನು ಸುತ್ತೋಲೆಯಾಗಿ ಹೊರಡಿಸುತ್ತದೆ. ವಿನಾಯಿತಿ ಪಡೆದ ಗುಂಡಿಗೆ ಆ ಕಡ್ಡಾಯವಿಲ್ಲ. ಅಲ್ಲಿ ಸತ್ತವನ ಸಾವು ಠಾಣೆಯಲ್ಲಿ ಅಸಹಜ ಸಾವಿನ ಒಂದು ಪ್ರಕರಣವಾಗಿ ಮುಗಿದುಹೋಗಬಹುದು. ಬೆರಳು ಕಳೆದುಕೊಂಡವನ ಗಾಯ ಎಲ್ಲೂ ದಾಖಲಾಗದಿರಬಹುದು. ಎಣಿಕೆಗೇ ಸಿಗದ ಗಾಯವನ್ನು ತಡೆಯುವ ಯೋಜನೆ ಯಾರು ಮಾಡುತ್ತಾರೆ? ಕ್ವಾರಿಗೆ ಪರವಾನಗಿ ಕೊಡುವ ಗಣಿ ಮತ್ತು ಭೂವಿಜ್ಞಾನ ಇಲಾಖೆಯೇ ಅಪಘಾತದ ವರದಿಯನ್ನು ಪರವಾನಗಿಯ ಷರತ್ತಾಗಿ ಕೇಳಿದರೆ, ಕಾನೂನಿನ ತಿದ್ದುಪಡಿಗೆ ಕಾಯದೆ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಬಹುದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಿನಾಯಿತಿಗೂ ಮಿತಿ ಇದೆ. ಮೂರರಲ್ಲಿ ಒಂದು ಷರತ್ತು ಮುರಿದರೂ ಪೂರ್ತಿ ಕಾನೂನು ಆ ಕ್ಷಣದಿಂದಲೇ ಅನ್ವಯವಾಗುತ್ತದೆ. ಅಳೆಯಲು ಟೇಪು ಬೇಕಾಗಿಲ್ಲ. ಯಂತ್ರ ಕಡಿದ ಗೋಡೆಯ ಮೇಲೆ ಪ್ರತಿ ಪದರದ ಗೆರೆ ಉಳಿದಿರುತ್ತದೆ. ಪದರಕ್ಕೆ 7 ಇಂಚು ಹಿಡಿದರೆ 33 ಪದರ ಮುಗಿಯುವಾಗ 6 ಮೀಟರ್ ಹತ್ತಿರ ಬಂತೆಂದೇ ಅರ್ಥ. ಇಳಿಜಾರಿನ ಗುಡ್ಡದಲ್ಲಿ ಮೇಲಿನ ಅಂಚಿನಿಂದಲೇ ಎಣಿಸಬೇಕು, ರಸ್ತೆ ಕಡೆಯ ತಗ್ಗು ಅಂಚಿನಿಂದಲ್ಲ. ಗುಂಡಿ ಎಷ್ಟೇ ಚಿಕ್ಕದಿರಲಿ, 18 ತುಂಬದವರನ್ನು ಕೆಲಸಕ್ಕಿಳಿಸಲು ವಿನಾಯಿತಿ ಇಲ್ಲ.

ಇನ್ನು ಯಂತ್ರ. ಹಾರೆ, ಪಿಕಾಸಿ, ಕೊಡಲಿಗಳ ಜಾಗಕ್ಕೆ ಬಂದ ಕಲ್ಲು ಕಡಿಯುವ ಯಂತ್ರ ದುಡಿಮೆಯ ಬಳಲಿಕೆ ಇಳಿಸಿತು, ಗಾಯದ ಬಗೆ ಬದಲಿಸಿತು. ಹಳಿಯ ಮೇಲೆ ಸಾಗುತ್ತ ತಿರುಗುವ ಹಲ್ಲಿನ ಚಕ್ರಕ್ಕೆ ರಕ್ಷಾಕವಚ ಇರಲೇಬೇಕು. ಕಲ್ಲಿನಪುಡಿ ತುಂಬಿ ತೊಡಕಾಗುತ್ತದೆಂದು ಅದನ್ನು ಬಿಚ್ಚಿಡುವಲ್ಲಿಂದ ಬೆರಳು, ಪಾದ ಹೋಗುವ ಕಥೆ ಶುರುವಾಗುತ್ತದೆ. ಬೆಲ್ಟಿನ ಹತ್ತಿರ ತಲೆಗೆ ಸುತ್ತಿದ ಟವೆಲಿನ ತುದಿ, ಸಡಿಲ ಲುಂಗಿ, ಸೆರಗು ಯಾವುದೂ ಇಳಿಬಿದ್ದಿರಬಾರದು. ಭಾರ ಹೊರುವುದರ ಗಾಯ ನಿಧಾನದ್ದು. 15 ಇಂಚು ಉದ್ದ, 9 ಅಗಲ, 7 ದಪ್ಪದ ಹಸಿಕಲ್ಲು 30 ಕಿಲೋ ಆಸುಪಾಸು ತೂಗುತ್ತದೆ. ದಿನಕ್ಕೆ 300 ಕಲ್ಲು ಲಾರಿಗೆ ತುಂಬಿದವನ ಸೊಂಟದ ಮೇಲೆ 9 ಟನ್ ಹಾದುಹೋಗಿರುತ್ತದೆ. ಲಾರಿಯ ಹಿಂದೆ ಎತ್ತರದ ಕಟ್ಟೆ ಇದ್ದರೆ, ಇಬ್ಬರು ಸೇರಿ ಎತ್ತಿದರೆ ಬೆನ್ನು ಹತ್ತು ವರ್ಷ ಹೆಚ್ಚು ಬಾಳೀತು.

ದೂಳಿನ ಮಾತು ಚಿಕ್ಕದಾಗಿ ಹೇಳುತ್ತೇನೆ. ಜಂಬಿಟ್ಟಿಗೆಯ ದೂಳಿನಲ್ಲಿ ಹೆಚ್ಚಿನದು ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡು. ಶ್ವಾಸಕೋಶವನ್ನು ಗಟ್ಟಿಯಾಗಿಸಿ ಕೊಲ್ಲುವ ಸಿಲಿಕೋಸಿಸ್ ಮುಖ್ಯವಾಗಿ ಗ್ರಾನೈಟ್, ಜಲ್ಲಿ ಕ್ರಷರುಗಳ ಕಾಯಿಲೆ. ಕೋಲಾರದ ಚಿನ್ನದ ಗಣಿಯಲ್ಲಿ ಅದರ ಹಾವಳಿ ಕಂಡು ಮೈಸೂರು ಸಂಸ್ಥಾನ 1940ರಲ್ಲೇ ಸಿಲಿಕೋಸಿಸ್ ನಿಯಮಗಳನ್ನು ತಂದಿತ್ತು. ಒಂದೇ ಕೆಲಸಗಾರ ನಾಲ್ಕು ತಿಂಗಳು ಜಂಬಿಟ್ಟಿಗೆ ಗುಂಡಿಯಲ್ಲಿ, ನಾಲ್ಕು ತಿಂಗಳು ಕ್ರಷರಿನಲ್ಲಿ ದುಡಿಯುವುದುಂಟು. ಅವನ ಎದೆಯ ಎಕ್ಸ್‌ರೇಯನ್ನು ವರ್ಷಕ್ಕೊಮ್ಮೆ ತೆಗೆಸಬೇಕು.

ಈ ಸೀಮೆಯ ಇನ್ನೊಂದು ಅಪಾಯ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಈ ಜ್ವರ ಉಣುಗಿನ ಕಡಿತದಿಂದ ಬರುತ್ತದೆ. ಅದು ಹೆಚ್ಚುವ ಜನವರಿಯಿಂದ ಮೇ ತಿಂಗಳೇ ಕ್ವಾರಿಯ ಭರಾಟೆಯ ಕಾಲವೂ ಹೌದು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಅದರಿಂದ ತತ್ತರಿಸಿತು. ಊರಿನವರಿಗೆ ಮಂಗ ಸತ್ತ ಜಾಗಕ್ಕೆ ಹೋಗಬಾರದೆಂದು ಗೊತ್ತು, ಉಣುಗು ಹತ್ತದಂತೆ ಹಚ್ಚುವ ಡೇಪಾ ಎಣ್ಣೆ ಗೊತ್ತು. ಜಾರ್ಖಂಡ್, ಒಡಿಶಾ ಕಡೆಯಿಂದ ಬಂದು ಕಾಡಂಚಿನ ಶೆಡ್ಡಿನಲ್ಲಿ ಮಲಗುವ ಹುಡುಗನಿಗೆ ಇದನ್ನು ಅವನ ಭಾಷೆಯಲ್ಲಿ ಹೇಳುವುದು ಕೆಲಸ ಕೊಟ್ಟವರ ಹೊಣೆ.

ಅಪಘಾತ ಆಗಿಯೇ ಹೋದರೆ? ದೊಡ್ಡ ಆಸ್ಪತ್ರೆ ಒಂದು ಕಡೆ ಶಿವಮೊಗ್ಗದಲ್ಲಿದೆ, ಇನ್ನೊಂದು ಕಡೆ ಘಟ್ಟದ ಕೆಳಗಿನ ಮಣಿಪಾಲದಲ್ಲಿ. ಫೋನಿನ ಸಿಗ್ನಲ್ ಗುಂಡಿಯೊಳಗೆ ಸಿಗದಿರಬಹುದು. ಎಲ್ಲಿ ನಿಂತರೆ 108ಕ್ಕೆ ಕರೆ ಹೋಗುತ್ತದೆ ಎಂಬುದನ್ನು ಕೆಲಸದ ಮೊದಲ ದಿನವೇ ಎಲ್ಲರಿಗೂ ತೋರಿಸಿಡಬೇಕು. ಮಣ್ಣಿನಡಿ ಸಿಕ್ಕವರ ಮುಖ, ಎದೆ ಮೊದಲು ಬಿಡಿಸಬೇಕು. ತಲೆಯ ಹತ್ತಿರ ಜೆಸಿಬಿ ಬಾರದಂತೆ ಕೈಯಲ್ಲೇ ತೋಡಬೇಕು. ಕಾಲಿನ ಮೇಲೆ ತಾಸುಗಟ್ಟಲೆ ಬಂಡೆ ಕೂತಿದ್ದರೆ ಬೇರೊಂದು ಅಪಾಯವಿದೆ. 1941ರಲ್ಲಿ ಲಂಡನ್ನಿನ ಬಾಂಬು ದಾಳಿಯ ಅವಶೇಷಗಳಿಂದ ಬದುಕಿ ಬಂದವರು ಕೆಲವು ದಿನಗಳಲ್ಲಿ ಮೂತ್ರಪಿಂಡ ಕೆಟ್ಟು ಸಾಯುವುದನ್ನು ಬೈವಾಟರ್ಸ್ ಎಂಬ ವೈದ್ಯ ವಿವರಿಸಿದ. ಜಜ್ಜಿದ ಸ್ನಾಯುವಿನ ವಿಷ ಭಾರ ಎತ್ತಿದೊಡನೆ ರಕ್ತಕ್ಕೆ ಸೇರುತ್ತದೆ. ಇಂಥವರನ್ನು ಬಿಡಿಸುವಾಗ ವೈದ್ಯರ ಸಲಹೆ ಫೋನಿನಲ್ಲಾದರೂ ಸಿಗಲಿ. ಹೊರಗೆ ತೆಗೆದ ಮೇಲೆ ‘ಚೆನ್ನಾಗಿಯೇ ಇದ್ದಾನೆ’ ಎಂದು ಮನೆಗೆ ಕಳಿಸಲೇಬಾರದು. ತುಂಡಾದ ಬೆರಳನ್ನು ಶುಭ್ರವಾದ ಒದ್ದೆಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಒಯ್ಯಬೇಕು. ಬೆರಳಿಗೆ ನೇರವಾಗಿ ಮಂಜುಗಡ್ಡೆ ತಾಗಬಾರದು.

ಕೆಲಸ ಮುಗಿದ ಗುಂಡಿಯೂ ಕೊಲ್ಲುತ್ತದೆ. ಮಳೆಗೆ ತುಂಬಿ ಕೆರೆಯಂತೆ ಕಾಣುವ ಅದಕ್ಕೆ ಕೆರೆಯ ಇಳಿಜಾರಿಲ್ಲ, ಕಾಲಿಟ್ಟಲ್ಲೇ ಆಳ, ಹತ್ತಿಬರಲು ಹಿಡಿತವಿಲ್ಲ. ಈಜಲು ಹೋದ ಮಕ್ಕಳು ಹೀಗೆ ಮುಳುಗಿದ ಸುದ್ದಿ ಮಲೆನಾಡು, ಕರಾವಳಿಗಳಲ್ಲಿ ಮತ್ತೆಮತ್ತೆ ಬರುತ್ತದೆ. ಬೇಲಿ ಹಾಕುವುದು, ಒಂದು ಬದಿಯನ್ನಾದರೂ ಇಳಿಜಾರು ಮಾಡುವುದು ಕಲ್ಲು ತೆಗೆದವರ ಕೆಲಸ.

ಪರಿಹಾರದ ವಿಷಯದಲ್ಲಿ ಒಂದು ಸಂಗತಿ ಕೆಲಸಗಾರರ ಮನೆಗಳಿಗೆ ತಲುಪಲೇಬೇಕು. ಸುರಕ್ಷತಾ ನಿಯಮಗಳಿಗೆ ಸಿಕ್ಕ ವಿನಾಯಿತಿ ಪರಿಹಾರದ ಹೊಣೆಗೆ ಸಿಕ್ಕಿಲ್ಲ. 1923ರ ಕಾರ್ಮಿಕ ಪರಿಹಾರ ಕಾಯ್ದೆಯಿಂದ ಬಂದ, ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿರುವ ಪರಿಹಾರದ ಹಕ್ಕು ಗುತ್ತಿಗೆದಾರನ ಮೂಲಕ ಬಂದವರಿಗೂ ಇದೆ. ಅರ್ಜಿಗೆ 1923ರ ಕಾಯ್ದೆ ಇಟ್ಟ ಗಡುವು 2 ವರ್ಷ, ಹಾಗಾಗಿ ಮಾತುಕತೆಯಲ್ಲಿ ಕಾಲ ಕಳೆಯಬಾರದು. ದುಡಿದದ್ದಕ್ಕೆ ಪುರಾವೆ ಇಲ್ಲದೆ ಅರ್ಜಿ ಬಿದ್ದುಹೋಗುತ್ತದೆ: ಕೂಲಿ ಬಂದ ಬ್ಯಾಂಕ್ ಖಾತೆ, ಮೇಸ್ತ್ರಿಯ ಫೋನ್ ಸಂದೇಶ, ಜೊತೆಗೆ ದುಡಿದ ಇಬ್ಬರ ಹೇಳಿಕೆ, ಯಾವುದಿದ್ದರೂ ಜೋಪಾನ ಮಾಡಬೇಕು. ಆಸ್ಪತ್ರೆಯ ಮೊದಲ ಚೀಟಿಯಲ್ಲಿ ‘ಬಿದ್ದು ಪೆಟ್ಟಾಗಿದೆ’ ಎಂದಷ್ಟೇ ಬರೆಸದೆ, ಯಾವ ಊರಿನ ಕ್ವಾರಿಯಲ್ಲಿ, ಯಾವ ಕೆಲಸ ಮಾಡುವಾಗ, ಎಷ್ಟು ಗಂಟೆಗೆ ಎಂಬುದನ್ನು ಹೇಳಿ ಬರೆಸಬೇಕು.