ಮೂರು ಕಲ್ಲು ಬಿಟ್ಟು ಹೊರಟ ಒಲೆ

ಅರಕೇರಿಯ ಅಮೋಘಸಿದ್ಧನಿಗೆ ನಡೆದುಕೊಳ್ಳುವ ಹಾಲುಮತದ ಕುರಿಗಾರರು ವರ್ಷದ ಹಲವು ತಿಂಗಳು ಬಯಲಿನಲ್ಲಿಯೇ ಅಡುಗೆ ಮಾಡಿ ಉಣ್ಣುವವರು. ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯ ಹೊಲಗಳಲ್ಲಿ ಹಿಂಡು ತರುಬಿ, ಗೊಬ್ಬರಕ್ಕೆ ಪ್ರತಿಯಾಗಿ ಕಾಳನ್ನೋ ಹಣವನ್ನೋ ಪಡೆದು, ಹಂಚು, ಬೋಗುಣಿ, ಕಂಬಳಿ, ಎಳೆಮರಿಗಳನ್ನೆಲ್ಲ ಕುದುರೆಯ ಬೆನ್ನಿಗೇರಿಸಿಕೊಂಡು ಮುಂದಿನ ಹೊಲಕ್ಕೆ ಹೊರಡುವ ಇವರ ಸಾಮಾನಿನಲ್ಲಿ ಬಹುಕಾಲ ಇಲ್ಲದೆಯೇ ಇದ್ದ ಒಂದು ವಸ್ತುವೆಂದರೆ ಒಲೆ. ಅದನ್ನು ಹೊರುವ ಅಗತ್ಯ ಅವರಿಗೆ ಬೀಳಲಿಲ್ಲ. ಹಿಂಡು ನಿಂತಲ್ಲಿ ಮೂರು ಕಲ್ಲು ಸಿಕ್ಕರೆ ಒಲೆಯಾಯಿತು, ಎದ್ದು ಹೊರಟಾಗ ಕಲ್ಲು ಅಲ್ಲಿಯೇ ಉಳಿಯಿತು. ಇಷ್ಟು ಸಲೀಸಾದ ಏರ್ಪಾಡನ್ನು ಬಿಟ್ಟು ಮನುಷ್ಯ ಒಲೆಯನ್ನೇ ಹೊತ್ತು ತಿರುಗಲು ಏಕೆ ತೊಡಗಿದನು ಮತ್ತು ಹಾಗೆ ಹೊರಲು ತಕ್ಕ ಒಲೆಯೊಂದನ್ನು ಕರ್ನಾಟಕದಲ್ಲಿಯೇ ರೂಪಿಸಿದ್ದರೂ ಅದು ಅರಕೇರಿಯಂಥ ಊರುಗಳ ಬದುಕಿನಲ್ಲಿ ಏಕೆ ನೆಲೆಯೂರಲಿಲ್ಲ ಎಂಬುದು ಒಂದಕ್ಕೊಂದು ಹೆಣೆದುಕೊಂಡ ಕಥೆ.

ಮೂರು ಕಲ್ಲಿನ ಒಲೆಯನ್ನು ಹಳೆಯ ಕಾಲದ ಅರಿಯದ ಸಾಧನವೆಂದು ತಳ್ಳಿಹಾಕುವ ಬರಹಗಳು ಸಾಕಷ್ಟಿವೆ. ಆದರೆ ಅದರ ಗುಣಗಳನ್ನು ಮೊದಲು ಒಪ್ಪಿಕೊಳ್ಳದೆ ಬೇರೆ ಯಾವ ಒಲೆಯನ್ನೂ ಅಳೆಯಲಾಗದು. ಪಾತ್ರೆ ದೊಡ್ಡದಾದರೆ ಕಲ್ಲುಗಳನ್ನು ದೂರ ಸರಿಸಬಹುದು, ಗಾಳಿ ಬದಲಾದರೆ ಬಾಯಿಯನ್ನು ತಿರುಗಿಸಬಹುದು, ಅಗಲವಾದ ಹಂಚನ್ನಿಟ್ಟು ಜೋಳದ ರೊಟ್ಟಿ ಬೇಯಿಸುವಾಗ ಅದು ಒಂದಿಷ್ಟೂ ಅಲುಗದು, ಕೊನೆಗೆ ಆ ರೊಟ್ಟಿಯನ್ನು ಕೆಂಡಕ್ಕೆ ಆನಿಸಿ ಉಬ್ಬಿಸುವುದಕ್ಕೂ ಅಲ್ಲಿ ಎಡೆಯುಂಟು. ಕಲ್ಲು ಆರಿಸುವವರು ಮಾತ್ರ ಹಳ್ಳದ ನೀರಿನಿಂದ ಆಗಷ್ಟೇ ಎತ್ತಿದ್ದನ್ನು ಬಳಸಬಾರದು. ಒಳಗೆ ಹೊಕ್ಕ ನೀರು ಆವಿಯಾಗಿ ಕಲ್ಲು ಸಿಡಿಯುವುದುಂಟು. ಇದರ ನಿಜವಾದ ದೋಷ ಇರುವುದು ದಕ್ಷತೆಯಲ್ಲಿ, ಅಂದರೆ ಉರುವಲಿನಲ್ಲಿರುವ ಶಾಖದ ಎಷ್ಟು ಪಾಲು ಪಾತ್ರೆಯೊಳಗೆ ಹೋಗುತ್ತದೆ ಎಂಬ ಲೆಕ್ಕದಲ್ಲಿ. 25 ಡಿಗ್ರಿ ಸೆಲ್ಸಿಯಸ್ ಬಿಸಿಯ ಒಂದು ಲೀಟರ್ ನೀರು ಕುದಿಯಲು ಸುಮಾರು 315 ಕಿಲೋಜೂಲ್ ಶಾಖ ಸಾಕು, ಒಂದು ಕಿಲೋ ಒಣಗಿದ ಕಟ್ಟಿಗೆಯಲ್ಲಿ ಹೆಚ್ಚುಕಡಿಮೆ 16,000 ಕಿಲೋಜೂಲ್ ಇರುತ್ತದೆ, ಆದ್ದರಿಂದ ಶಾಖವೆಲ್ಲ ನೀರಿಗೇ ಸೇರುವಂತಿದ್ದರೆ 20 ಗ್ರಾಂ ಕಟ್ಟಿಗೆಯಲ್ಲಿ ಕೆಲಸ ಮುಗಿಯಬೇಕು. ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ಮುಟ್ಟುವುದು ನೂರಕ್ಕೆ ಹತ್ತು ಹದಿನೈದು ಪಾಲು ಮಾತ್ರವಾದ್ದರಿಂದ ಬೇಕಾಗುವುದು 130ರಿಂದ 200 ಗ್ರಾಂ; ಉಳಿದದ್ದು ಬಯಲಿಗೂ ಹೊಗೆಗೂ ಅಡುಗೆ ಮಾಡುವವಳ ಕಣ್ಣಿಗೂ ಹೋಗುತ್ತದೆ.

ಹೊತ್ತೊಯ್ಯಬಹುದಾದ ಒಲೆಗಳಲ್ಲಿ ಈ ಸೀಮೆಯ ಜನ ಹಿಂದಿನಿಂದಲೂ ಬಲ್ಲದ್ದು ಇದ್ದಲಿ ತುಂಬುವ ಶೆಗಡಿ. ಅದರ ಮಾತು ಇಷ್ಟಕ್ಕೆ ಸಾಕು, ಏಕೆಂದರೆ ದಾರಿಯ ಅಡುಗೆಯ ಸ್ವರೂಪವನ್ನೇ ಬದಲಿಸಿದ್ದು ಸ್ವೀಡನ್ನಿನಲ್ಲಿ ಹುಟ್ಟಿದ ಪಂಪ್ ಸ್ಟೋವು. 1892ರಲ್ಲಿ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ರೂಪಿಸಿದ ಪ್ರೈಮಸ್ ಎಂಬ ಈ ಒಲೆಗೆ ಬತ್ತಿಯಿರಲಿಲ್ಲ. ಉತ್ತರ ಕರ್ನಾಟಕದವರು ಚಿಮಣಿ ಎಣ್ಣೆ ಎನ್ನುವ ಸೀಮೆಎಣ್ಣೆಯನ್ನು ಪಂಪಿನ ಒತ್ತಡದಿಂದ ಬಿಸಿಯಾದ ಕೊಳವೆಗೆ ಏರಿಸಿ, ಅಲ್ಲಿ ಆವಿಯಾದದ್ದನ್ನು ಕೂದಲೆಳೆಯಷ್ಟು ಸಣ್ಣ ತೂತಿನಿಂದ ಹೊರಬಿಟ್ಟು, ಗಾಳಿಯೊಡನೆ ಬೆರೆಸಿ ನೀಲಿ ಉರಿಯಾಗಿಸುವುದು ಅದರ ತಂತ್ರ. ನಾನ್ಸೆನ್ 1893ರಲ್ಲಿ ಉತ್ತರ ಧ್ರುವದ ಕಡೆಗೆ ಹೊರಟಾಗಲೂ, ಅಮುಂಡ್ಸೆನ್ 1911ರಲ್ಲಿ ದಕ್ಷಿಣ ಧ್ರುವವನ್ನು ಮುಟ್ಟಿದಾಗಲೂ, 1953ರ ಎವರೆಸ್ಟ್ ಆರೋಹಣದಲ್ಲಿಯೂ ಹಿಮವನ್ನು ಕರಗಿಸಿ ನೀರು ಮಾಡಿಕೊಟ್ಟದ್ದು ಇದೇ ಬಗೆಯ ಒಲೆ. ಅದೇ ಹಿತ್ತಾಳೆಯ ಹೊಟ್ಟೆ, ಅದೇ ಮೂರು ಕಾಲು, ತೂತು ಕಟ್ಟಿದಾಗ ಚುಚ್ಚುವ ಅದೇ ಸ್ಟೋವ್ ಪಿನ್ನು ಕರ್ನಾಟಕದ ಬಾಡಿಗೆ ಮನೆಗಳಲ್ಲಿಯೂ ಚಹಾದ ಅಂಗಡಿಗಳಲ್ಲಿಯೂ ಎರಡು ಮೂರು ತಲೆಮಾರು ಭರ್‍ರೆಂದು ಸದ್ದು ಮಾಡಿದವು.

ಆ ಸದ್ದಿನ ನೆನಪಿನಲ್ಲಿ ಮಾಧುರ್ಯವಷ್ಟೇ ಇಲ್ಲ. ಉರಿಯುತ್ತಿರುವಾಗಲೇ ಎಣ್ಣೆ ಸುರಿಯುವುದು, ಪಿನ್ನು ಹಾಕದೆ ಮೇಲಿಂದ ಮೇಲೆ ಪಂಪು ಹೊಡೆಯುವುದು, ಪೆಟ್ರೋಲು ಬೆರೆತ ಎಣ್ಣೆಯನ್ನು ಬಳಸುವುದು, ಈ ಮೂರೂ ಅದನ್ನು ಸಿಡಿಯುವ ವಸ್ತುವನ್ನಾಗಿ ಮಾಡುತ್ತಿದ್ದವು. ಕಿಡಿ ತಾಕಿದೊಡನೆ ಹೊತ್ತಿಕೊಳ್ಳುವಷ್ಟು ಆವಿ ಏಳುವ ಉಷ್ಣಮಾನಕ್ಕೆ ಜ್ವಲನಬಿಂದು ಎನ್ನುತ್ತಾರೆ. ಸೀಮೆಎಣ್ಣೆಯಲ್ಲಿ ಅದು ಸುಮಾರು 35 ಡಿಗ್ರಿಗಿಂತ ಮೇಲಿದ್ದರೆ ಪೆಟ್ರೋಲಿನಲ್ಲಿ ಸೊನ್ನೆಗಿಂತಲೂ ಬಹಳ ಕೆಳಗಿದೆ, ಹಾಗಾಗಿ ಸ್ವಲ್ಪ ಕಲಬೆರಕೆಯೂ ಒಲೆಯ ಸ್ವಭಾವವನ್ನೇ ಕೆಡಿಸುತ್ತದೆ. ಇದಕ್ಕಿಂತ ಕರಾಳವಾದ ಮಾತೊಂದುಂಟು: ಎಪ್ಪತ್ತು ಎಂಬತ್ತರ ದಶಕಗಳಲ್ಲಿ ‘ಸ್ಟೋವ್ ಸಿಡಿದು ಗೃಹಿಣಿ ಸಾವು’ ಎಂದು ಪತ್ರಿಕೆಗಳಲ್ಲಿ ಬಂದ ಎಷ್ಟೋ ಸುದ್ದಿಗಳಲ್ಲಿ ಸ್ಟೋವು ನಿರಪರಾಧಿಯಾಗಿತ್ತು, ಮತ್ತು ವರದಕ್ಷಿಣೆ ಸಾವನ್ನು ಪ್ರತ್ಯೇಕ ಅಪರಾಧವೆಂದು ಕರೆಯುವ ಕಲಮು ದಂಡಸಂಹಿತೆಗೆ ಸೇರಲು 1986 ಬರಬೇಕಾಯಿತು.

ಇದೇ ಎಂಬತ್ತರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಒಂದೇ ಆವರಣದಲ್ಲಿ ಒಲೆಯ ಬಗ್ಗೆ ಎರಡು ಬೇರೆ ಬೇರೆ ಚಿಂತನೆಗಳು ಬೆಳೆದವು. ಒಂದು, ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದ್ದು. ಮಣ್ಣಿನಲ್ಲಿ ಕಟ್ಟಿದ, ಮೂರು ಪಾತ್ರೆಗಳನ್ನು ಒಟ್ಟಿಗೆ ಇಡಬಹುದಾದ, ಹೊಗೆಯನ್ನು ಚಿಮಣಿಯಿಂದ ಮಾಡಿನಾಚೆ ಕಳಿಸುವ ‘ಅಸ್ತ್ರ ಒಲೆ’ ಕರ್ನಾಟಕದ ಸಾವಿರಾರು ಅಡುಗೆಮನೆಗಳಿಗೆ ಹೋಗಿ ಹೆಸರಾಯಿತು. ಆದರೆ ಅದು ಗೋಡೆಯಿರುವವರ ಒಲೆ. ಗೋಡೆಯೇ ಇಲ್ಲದ ಕುರಿಹಟ್ಟಿಗೆ ಅದರಿಂದ ಪ್ರಯೋಜನವಿರಲಿಲ್ಲ. ಎರಡನೆಯ ಚಿಂತನೆ ಹುಟ್ಟಿದ್ದು ಯಾರೂ ಎಣಿಸದ ಜಾಗದಲ್ಲಿ, ಅಂದರೆ ವಿಮಾನ ಮತ್ತು ಅಂತರಿಕ್ಷ ಎಂಜಿನಿಯರಿಂಗ್ ವಿಭಾಗದಲ್ಲಿ. ರಾಕೆಟ್ಟಿನ ಇಂಧನ ಹೇಗೆ ಉರಿಯುತ್ತದೆ ಎಂಬುದನ್ನು ಅಭ್ಯಾಸ ಮಾಡುತ್ತಿದ್ದ ಪ್ರೊಫೆಸರ್ ಎಚ್. ಎಸ್. ಮುಕುಂದ ಅವರು ಸಹೋದ್ಯೋಗಿಗಳಾದ ಯು. ಶ್ರೀನಿವಾಸ ಮತ್ತು ಎಸ್. ದಾಸಪ್ಪ ಅವರೊಡನೆ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಒಂಟಿ ಪಾತ್ರೆಯ ಕಟ್ಟಿಗೆ ಒಲೆಗಳ ಬಗ್ಗೆ 1988ರಲ್ಲಿ ‘ಸಾಧನಾ’ ಎಂಬ ವಿದ್ವತ್ ಪತ್ರಿಕೆಯಲ್ಲಿ ದೀರ್ಘ ಪ್ರಬಂಧವನ್ನು ಪ್ರಕಟಿಸಿದರು. ‘ಹೆಚ್ಚಿನ ದಕ್ಷತೆಯ ಒಂಟಿ ಪಾತ್ರೆಯ ಕಟ್ಟಿಗೆ ಒಲೆ’ ಎಂಬರ್ಥದ ಇಂಗ್ಲಿಷ್ ಪದಗಳಿಂದ ಅಕ್ಷರಗಳನ್ನು ಹೆಕ್ಕಿ, ಅವು ‘ಸ್ವಸ್ತಿ’ ಎಂದು ಕೇಳಿಸುವಂತೆ ಹೆಸರನ್ನು ಜೋಡಿಸಿದವರ ವಿನೋದಪ್ರಜ್ಞೆಯನ್ನು ಮೆಚ್ಚಲೇಬೇಕು.

ರಾಕೆಟ್ಟನ್ನು ಬಲ್ಲವರು ಒಲೆಗೆ ತಂದ ತಿಳಿವಳಿಕೆ ಸರಳವಾಗಿತ್ತು: ಕಟ್ಟಿಗೆ ಹೊಗೆಯಾಡುವುದು ಅದರ ಗುಣದಿಂದಲ್ಲ, ಗಾಳಿ ಸೇರುವ ಪ್ರಮಾಣ ಮತ್ತು ಜಾಗ ತಪ್ಪಿದ್ದರಿಂದ. ಇದೇ ವಿಚಾರದ ಮುಂದಿನ ರೂಪವೇ ಅನಿಲೀಕರಣದ ಒಲೆ. ಅಮೆರಿಕದಲ್ಲಿ ಥಾಮಸ್ ರೀಡ್ ಕೂಡ 1985ರಿಂದ ಇದರ ಬೆನ್ನು ಹತ್ತಿದ್ದರು. ಇದರಲ್ಲಿ ಉರುವಲನ್ನು ಗೂಡಿನೊಳಗೆ ತುಂಬಿ ನೆತ್ತಿಯಲ್ಲಿ ಬೆಂಕಿ ಹಚ್ಚುತ್ತಾರೆ. ಕೆಳಗಿನಿಂದ ಬರುವ ಅಳತೆಯ ಗಾಳಿಯಲ್ಲಿ ಬೆಂಕಿಯ ಪದರವು ಮೆಲ್ಲಗೆ ಕೆಳಕ್ಕಿಳಿಯುತ್ತ ಕಟ್ಟಿಗೆಯಿಂದ ಉರಿಯಬಲ್ಲ ಅನಿಲವನ್ನು ಬಿಡಿಸುತ್ತದೆ, ಆ ಅನಿಲವು ಬಾಯಿಯ ಸುತ್ತಲಿನ ತೂತುಗಳಿಂದ ಬರುವ ಎರಡನೆಯ ಗಾಳಿಯೊಡನೆ ಸೇರಿ ಹೊಗೆಯಿಲ್ಲದೆ ಉರಿಯುತ್ತದೆ. ಬೆಂಗಳೂರಿನ ಈ ವಿನ್ಯಾಸವನ್ನು ಬಿಪಿ ಎಂಬ ತೈಲ ಕಂಪನಿ 2006ರಲ್ಲಿ ‘ಊರ್ಜಾ’ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು: ಮರುಪೂರಣದ ಬ್ಯಾಟರಿಯಿಂದ ತಿರುಗುವ ಪುಟ್ಟ ಫ್ಯಾನು, ಕೃಷಿ ತ್ಯಾಜ್ಯವನ್ನು ಒತ್ತಿ ಮಾಡಿದ ಗುಳಿಗೆಗಳ ಉರುವಲು, ಪ್ರಯೋಗಾಲಯದ ನೀರು ಕುದಿಸುವ ಪರೀಕ್ಷೆಯಲ್ಲಿ ಸುಮಾರು ಅರ್ಧದಷ್ಟು ದಕ್ಷತೆ. ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ಮುಖ್ಯವಾಗಿ ಮಾರಾಟವಾದ ಈ ಒಲೆಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ 4 ಲಕ್ಷದ ಆಸುಪಾಸಿಗೆ ಮುಟ್ಟಿತು.

ಆಮೇಲೆ ನಡೆದದ್ದು ಬೇಸರ ತರಿಸುವಂಥದ್ದು. ಬಿಪಿ 2009ರ ಹೊತ್ತಿಗೆ ಈ ವ್ಯವಹಾರದಿಂದ ಹಿಂದೆ ಸರಿಯಿತು, ಪುಣೆಯ ಫಸ್ಟ್ ಎನರ್ಜಿ ಕಂಪನಿ ಅದನ್ನು ವಹಿಸಿಕೊಂಡಿತು. ಕಾರ್ಖಾನೆಗಳ ಬಾಯ್ಲರುಗಳೂ ಅದೇ ಕೃಷಿ ತ್ಯಾಜ್ಯಕ್ಕೆ ಕೈಚಾಚಿದ್ದರಿಂದ ಗುಳಿಗೆಯ ಬೆಲೆ ಏರಿತು, ಮನೆಗಳಿಗೆ ಮಾರುವುದು ಕೈಕಚ್ಚತೊಡಗಿತು, ವ್ಯಾಪಾರ ಹೋಟೆಲುಗಳ ಕಡೆಗೆ ತಿರುಗಿತು. ಒಲೆ ಕೆಟ್ಟಿರಲಿಲ್ಲ, ಅದರ ಹೊಟ್ಟೆಗೆ ಬೀಳುವುದು ಸಿಗದಂತಾಯಿತು. ಒಂದೇ ಅಳತೆಯ, ಒಂದೇ ಒಣಗಿನ, ಅಂಗಡಿಯಲ್ಲಿಯೇ ಕೊಳ್ಳಬೇಕಾದ ಗುಳಿಗೆಯನ್ನು ನಂಬಿದ ಆ ಒಲೆಗೆ, ತಿಕೋಟಾದ ದ್ರಾಕ್ಷಿ ತೋಟಗಳಲ್ಲಿ ಚಾಟನಿಯ, ಅಂದರೆ ಬಳ್ಳಿ ಸವರುವ ಕಾಲಕ್ಕೆ ರಾಶಿ ಬೀಳುವ ಕಡ್ಡಿಯಾಗಲಿ, ತೊಗರಿ ಹತ್ತಿಯ ಕಟ್ಟಿಗೆಯಾಗಲಿ, ಹಳ್ಳದ ದಂಡೆಯ ಬಳ್ಳಾರಿ ಜಾಲಿಯಾಗಲಿ, ಕುರಿಗಾರರ ಕುಳ್ಳಾಗಲಿ ಇದ್ದ ಹಾಗೆಯೇ ಒಗ್ಗುವಂತಿರಲಿಲ್ಲ. ಒಣಕಟ್ಟಿಗೆಯ ಸೀಮೆಯಲ್ಲಿ ಕಟ್ಟಿಗೆಯ ಒಲೆಯೊಂದು ಉರುವಲಿಲ್ಲದೆ ಮೂಲೆ ಸೇರಿತೆಂಬ ವಿಪರ್ಯಾಸಕ್ಕೆ ರಾಕೆಟ್ ವಿಜ್ಞಾನದಲ್ಲಿ ಪರಿಹಾರವಿರಲಿಲ್ಲ. ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವಂತೂ 2002ರಲ್ಲಿಯೇ ಮುಗಿದಿತ್ತು.

ತೆರವಾದ ಜಾಗಕ್ಕೆ ಬಂದದ್ದು ಗ್ಯಾಸು. ಇಂಡಿಯನ್ ಆಯಿಲ್ ಕಂಪನಿ 2020ರ ಡಿಸೆಂಬರಿನಲ್ಲಿ ‘ಛೋಟು’ ಎಂದು ಹೆಸರಿಟ್ಟ 5 ಕಿಲೋ ಸಿಲಿಂಡರನ್ನು ವಿಳಾಸದ ದಾಖಲೆಯಿಲ್ಲದೆ, ಗುರುತಿನ ಚೀಟಿ ತೋರಿಸಿ ಪೆಟ್ರೋಲ್ ಬಂಕಿನಲ್ಲಿಯೂ ಕೊಳ್ಳಬಹುದು. ಊರೂರು ತಿರುಗುವವರಿಗೆ ಸರ್ಕಾರಿ ಕಾಗದದ ಲೋಕದಲ್ಲಿ ಇದು ಅಪರೂಪದ ಸೌಲಭ್ಯ. ಒಂದು ಲೀಟರ್ ನೀರಿಗೆ 15 ಗ್ರಾಂ ಅನಿಲವೆಂದು ಹಿಡಿದರೂ 5 ಕಿಲೋದಲ್ಲಿ 300 ಲೀಟರಿಗೂ ಹೆಚ್ಚು ನೀರು ಕುದಿಯಬೇಕು, ಆದರೆ ಅದು ಗೋಡೆಯೊಳಗಿನ ಲೆಕ್ಕ. ವಿಜಯಪುರದ ಬಟ್ಟಬಯಲಿನ ಗಾಳಿಗೆ ಅರ್ಧ ಶಾಖ ಹಾರಿಹೋಗುವುದು ಹೊಸತಲ್ಲ. ಗಾಳಿಗೆ ಮರೆ ಕಟ್ಟುವವರು ಉರಿಗೆ ಮಾತ್ರ ಕಟ್ಟಬೇಕು. ಸಿಲಿಂಡರಿನ ಸುತ್ತ ತಗಡು ಸುತ್ತಿದರೆ ಶಾಖವು ಅದರ ಮೈಗೇ ತಿರುಗಿ ಒಳಗಿನ ಒತ್ತಡ ಏರುತ್ತದೆ. ನೆತ್ತಿಯ ಮೇಲೆಯೇ ಬರ್ನರು ಕೂರಿಸಿದ ಸಣ್ಣ ಸಿಲಿಂಡರುಗಳಿಗೆ ಮನೆಯ ದೊಡ್ಡ ಸಿಲಿಂಡರಿನಿಂದ ಅನಿಲ ತುಂಬಿಕೊಡುವ ಅಂಗಡಿಗಳ ಕೆಲಸ ಕಾನೂನುಬಾಹಿರವಷ್ಟೇ ಅಲ್ಲ, ಎಷ್ಟು ತುಂಬಿತೆಂಬ ಅಳತೆಯೇ ಇಲ್ಲದ ಜೂಜು. ಅಡುಗೆ ಅನಿಲವು ಗಾಳಿಗಿಂತ ಭಾರವಾದ್ದರಿಂದ ಸೋರಿದ್ದು ಮೇಲೇಳದೆ ತಗ್ಗಿನಲ್ಲಿ, ಡೇರೆಯ ನೆಲದಲ್ಲಿ, ಮಲಗಿದವರ ಮಗ್ಗುಲಲ್ಲಿ ಮಡುಗಟ್ಟುತ್ತದೆ. ಕೊಳವೆಯ ಕೀಲುಗಳಿಗೆ ಸೋಪಿನ ನೀರು ಸವರಿ ಗುಳ್ಳೆ ಏಳುವುದೇ ಎಂದು ನೋಡುವುದು ಅದನ್ನು ಕಂಡುಹಿಡಿಯುವ ರೀತಿ, ಕಡ್ಡಿ ಗೀರುವುದಲ್ಲ.

ಡೇರೆಯೊಳಗೆ ಒಲೆ ಹಚ್ಚುವವರು ನೆನಪಿಡಬೇಕಾದ ಹೆಸರೆಂದರೆ ರಿಚರ್ಡ್ ಬರ್ಡ್. 1934ರ ಚಳಿಗಾಲದಲ್ಲಿ ಅಂಟಾರ್ಕ್ಟಿಕದ ಗುಡಿಸಲೊಂದರಲ್ಲಿ ಒಂಟಿಯಾಗಿದ್ದ ಈ ಅಮೆರಿಕನ್ ನೌಕಾಧಿಕಾರಿ ಚಳಿಯಿಂದಲ್ಲ, ಒಲೆ ಮತ್ತು ಜನರೇಟರಿನಿಂದ ಹೊಮ್ಮಿದ ಕಾರ್ಬನ್ ಮೊನಾಕ್ಸೈಡಿನಿಂದ ಸಾವಿನಂಚಿಗೆ ಹೋಗಿದ್ದರು. ಬಣ್ಣ, ವಾಸನೆ ಎರಡೂ ಇಲ್ಲದ ಈ ಅನಿಲವು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಚಳಿಗೆಂದು ಕೆಂಡದ ಶೆಗಡಿಯನ್ನು ಬಳಿಯಲ್ಲಿಟ್ಟು ಬಾಗಿಲು ಹಾಕಿಕೊಂಡು ಮಲಗುವವರನ್ನು ಕೊಲ್ಲುವುದೂ ಇದೇ.

ಉತ್ತರ ಕರ್ನಾಟಕದವರು ನಿಜವಾದ ಅಡವಿಯಲ್ಲಿ ಬೀಡುಬಿಡುವ ದೊಡ್ಡ ಸಂದರ್ಭವೆಂದರೆ ಯುಗಾದಿಯ ಶ್ರೀಶೈಲ ಪಾದಯಾತ್ರೆ. ಕಂಬಿ ಹೊತ್ತು ಹೊರಟವರು ಆತ್ಮಕೂರು ದಾಟಿ ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನುಗಳ ಮೂಲಕ ನಲ್ಲಮಲ ಕಾಡನ್ನು ನಡೆದು ದಾಟುವುದು ಎಲೆ ಉದುರಿ ನೆಲವೆಲ್ಲ ಒಣಗಿರುವ ಹೊತ್ತಿನಲ್ಲಿ, ಅದೂ ಹುಲಿಗಳ ರಕ್ಷಿತಾರಣ್ಯದೊಳಗೆ. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನೂ ಉರಿಯುವ ಬೆಂಕಿಯನ್ನು ಬಿಟ್ಟುಹೋಗುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಹೊಲದಲ್ಲಿ ಸಲ್ಲುವ ಮೂರು ಕಲ್ಲು ಅಲ್ಲಿ ಸಲ್ಲದು; ಕೀಲಿ ತಿರುಗಿಸಿದೊಡನೆ ಆರುವ, ಕಿಡಿ ಹಾರಿಸದ ಒಲೆ ಬೇಕಾದರೆ ಅಂಥಲ್ಲಿ ಬೇಕು, ಅದನ್ನೂ ತರಗೆಲೆ ಗುಡಿಸಿದ ಸಮನೆಲದ ಮೇಲಿಟ್ಟು, ಅದರ ಅಡಿಗಿಂತ ಅಗಲವಾದ ಪಾತ್ರೆ ಹೇರದೆ ಉರಿಸಬೇಕು. ಈ ಕೊನೆಯ ನಿಯಮಕ್ಕೆ ಬಂದಾಗ ಮಾತ್ರ ಅರಕೇರಿಯ ಕಡೆಯ ಅಡುಗೆಗೆ ತೊಡಕಾಗುತ್ತದೆ. ಚಹಾದ ಬೋಗುಣಿ ಛೋಟುವಿನ ಮೇಲೆ ನೆಟ್ಟಗೆ ಕೂರುತ್ತದೆ, ರೊಟ್ಟಿಯ ಹಂಚು ಕೂರದು. ಕೂತರೂ ನಡುವೆ ಸೀದು ಅಂಚು ಹಸಿಯಾಗಿಯೇ ಉಳಿಯುತ್ತದೆ, ಉಬ್ಬಿಸಲು ಕೆಂಡವಂತೂ ಇಲ್ಲವೇ ಇಲ್ಲ.